ಕೊಯ್ದ ಹೊಲದ ಚಿಗುರು

"ದೊಡ್ಡಿಯೊಳಗ ಕಾಲಿಟ್ರ ನಾಯಿ ಬಿಡತೀನಿ ನೋಡ್ರಿ!"

ಹುಲಗೆಮ್ಮ ಕುರಿದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಕಣ್ಣಲ್ಲಿ ಕೆಂಡ!

ಎದುರಿಗೆ ಸೈಕಲ್ ಹಿಡಿದು ನಿಂತವನು ಯಂಕೋಬ. ಸರ್ಕಾರದ ಕೃಷಿ ಸಲಹೆಗಾರ. ಮಸರಕಲ್ಲಿನ ರೈತರನ್ನು ಒಪ್ಪಿಸಿ ಹೊಸ ಹೈಬ್ರಿಡ್ ಜೋಳ ಬಿತ್ತಿಸಿದವನು. ಆ ಜೋಳ ಕೊಯ್ದ ಹೊಲದಲ್ಲೇ ಹುಲಗೆಮ್ಮನ ಹನ್ನೊಂದು ಕುರಿಗಳು ಹೊಟ್ಟೆ ಉಬ್ಬಿ, ಏದುಸಿರು ಬಿಟ್ಟು ಸತ್ತು ಇಪ್ಪತ್ತು ದಿನವಾಗಿತ್ತು.

"ಬಿಡು. ನಾಯಿಯಾದ್ರೂ ನನ್ನ ಮಾತು ಕೇಳೀತು" ಎಂದ ಯಂಕೋಬ. "ನೀ ಕೊಟ್ಟ ಅರ್ಜಿಯೊಳಗ ಏನದ ಗೊತ್ತೇನು? ಕೊಯ್ದ ಹೊಲಕ್ಕ ನಾ ವಿಷ ಹೊಡಿಯೋದನ್ನ ನೀ ಕಣ್ಣಾರೆ ಕಂಡಿ ಅಂತ! ಅಷ್ಟಕ್ಕ ನನ್ನನ್ನ ಒಂದು ಮಾತೂ ಕೇಳದ ಅಮಾನತು ಮಾಡ್ಯಾರ."

ಹುಲಗೆಮ್ಮ ಬೆಚ್ಚಿದಳು. ಹಾಗೆಂದು ಅವಳು ಹೇಳಿರಲೇ ಇಲ್ಲ! ಹೈಬ್ರಿಡ್ ಜೋಳದ ಹೊಲದಲ್ಲಿ ಕುರಿ ಸತ್ತವು ಅಂದಿದ್ದಳು, ಅಷ್ಟೇ. ದೇವದುರ್ಗದಲ್ಲಿ ಅರ್ಜಿ ಬರೆದುಕೊಡುವ ಉರುಕುಂದಪ್ಪ, "ಒಂದೀಟು ಖಾರ ಹಾಕದಿದ್ರ ಯಾವ ಸಾಹೇಬನೂ ಓದಂಗಿಲ್ಲವ್ವಾ" ಎಂದು ಏನೇನೋ ಗೀಚಿದ್ದ. ಓದು ಬಾರದ ಇವಳು ಹೆಬ್ಬೆಟ್ಟು ಒತ್ತಿದ್ದಳು.

ಆದರೆ ಸೋಲಬೇಕಲ್ಲ!

"ಕುರುಬರ ಹೊಟ್ಟ್ಯಾಗ ಹುಟ್ಟಿ ಕುರಿ ಕೊಂದೀರಿ. ನಾಚಿಕಿ ಆಗಂಗಿಲ್ಲೇನು?"

"ನಮ್ಮೂರು ಯಾಪಲದಿನ್ನ್ಯಾಗ ನಮ್ಮಪ್ಪನೂ ಕುರಿ ಕಾಯ್ದಾತನ. ಅದಕ್ಕ ಹೇಳಿದ್ದೆ." ಅವನು ಒಳಗೆ ಮಲಗಿದ್ದ ಅವಳ ಅಪ್ಪನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಕೊಯ್ದ ಜೋಳದ ಕೂಳಿ ಚಿಗುರಿಗೆ ಕುರಿ ಬಿಡಬ್ಯಾಡ ಅಂತ ಯಾರಿಗೆ ಹೇಳಿದ್ದೆ, ಹುಲಗೆಮ್ಮ? ನೆನಪದ ಏನು?"

ಅವಳು ತಟ್ಟನೆ ಒಳಗೆ ಅಪ್ಪನ ಕಡೆ ತಿರುಗಿ ನೋಡಿದಳು. ಅವನು ಉತ್ತರಕ್ಕೂ ಕಾಯದೆ ಸೈಕಲ್ ಹತ್ತಿ ಹೋದ.

ನೆನಪಿಲ್ಲದೆ ಏನು!

ಆ ಸೀಮೆಯಲ್ಲಿ ಕೊಯ್ದ ಹೊಲ ಎಂದರೆ ಕುರಿಯವರ ಹೊಲ. ಗೊಬ್ಬರದ ಆಸೆಗೆ ರೈತರೇ ಕರೆದು ಕುರಿ ನಿಲ್ಲಿಸಿಕೊಳ್ಳುತ್ತಾರೆ. ನಾಟಿ ಜೋಳವನ್ನು ಬೇಸಿಗೆ ಮುಂದೆ ಕೊಯ್ಯುವುದರಿಂದ ಕೂಳೆ ಒಣಗಿ ಕಡ್ಡಿಯಾಗಿರುತ್ತದೆ, ಕುರಿಗೆ ಅಪಾಯವಿಲ್ಲ. ಆದರೆ ಈ ಹೈಬ್ರಿಡ್ ಜೋಳ ಮಳೆಗಾಲದಲ್ಲೇ ಕೊಯ್ಲಿಗೆ ಬಂದಿತ್ತು. ಕೊಯ್ದ ಕೂಳೆ ಎಂಟೇ ದಿನದಲ್ಲಿ ಹಸಿರಾಗಿ ಮತ್ತೆ ಚಿಗುರಿತ್ತು.

"ಆ ಎಳೀ ಚಿಗುರಿನ್ಯಾಗ ವಿಷ ಇರತದ. ಈ ಹೊಲಕ್ಕ ಬಿಡಬ್ಯಾಡ" ಎಂದು ಯಂಕೋಬ ಬದುವಿನ ಮೇಲೆ ನಿಂತು ಹೇಳಿದ್ದು ಅವಳೊಬ್ಬಳಿಗೆ. ಅವಳು ನಕ್ಕಿದ್ದಳು. "ಬಿತ್ತೋದು ಹೇಳ್ರಿ ಸಾಹೇಬ್ರ, ಕುರಿ ಕಾಯೋದು ನಮಗ ಕಲಿಸಬ್ಯಾಡ್ರಿ!"

ಮರುದಿನ ಅಪ್ಪ ಮಾನ್ವಿಯ ನೆಂಟರ ಮನೆಗೆ ಹೋಗಿದ್ದಾಗ ತಾನೇ ಕುರಿ ಹೊಡೆದುಕೊಂಡು ಆ ಹೊಲಕ್ಕೆ ಇಳಿದಿದ್ದಳು.

ಅಪ್ಪ ಗದ್ದೆಪ್ಪನಿಗೆ ಇದು ಗೊತ್ತಿರಲಿಲ್ಲ. ಸತ್ತ ಒಂದೊಂದು ಕುರಿಯ ತಲೆಯನ್ನೂ ತೊಡೆಯ ಮೇಲಿಟ್ಟುಕೊಂಡು ಅತ್ತಿದ್ದ ಅಪ್ಪ! ಅವನಿಗೆ ಹೇಗೆ ಹೇಳುವುದು... ಕೊಂದವಳು ನಾನೇ ಅಂತ?

ಸೋಮವಾರ ರಾಯಚೂರಿನಲ್ಲಿ ವಿಚಾರಣೆ. ಜೊತೆಗೆ ಬಂದ ಅಪ್ಪ ಮೊದಲೇ ಒಳಗೆ ಹೋಗಿದ್ದ. ಕಚೇರಿಯ ಮೆಟ್ಟಿಲ ಮೇಲೆಯೇ ಹುಲಗೆಮ್ಮನನ್ನು ಉರುಕುಂದಪ್ಪ ಅಡ್ಡಗಟ್ಟಿದ.

"ಅರ್ಜಿಯೊಳಗ ಬರದಂಗ ಹೇಳಬೇಕು. ಮಾತು ತಿರುಗಿಸಿದಿ ಅಂದ್ರ ಸುಳ್ಳು ಅರ್ಜಿ ಕೊಟ್ಟಾಕಿ ಅಂತ ನಿನ್ನನ್ನ ಜೈಲಿಗಿ ಹಾಕ್ತಾರ!"

ಒಳಗೆ ವಿಚಾರಣೆಯ ಸಾಹೇಬರು ಕಡತದಿಂದ ತಲೆ ಎತ್ತದೆ ಯಂಕೋಬನನ್ನು ಕೇಳಿದರು.

"ಎಚ್ಚರಿಕೆ ಕೊಟ್ಟಿದ್ದೆ ಅಂತ ಬರೆದುಕೊಟ್ಟೀರಿ. ಯಾರಿಗೆ ಕೊಟ್ರಿ? ಹೆಸರು ಹೇಳ್ರಿ."

ಯಂಕೋಬ ಎದ್ದು ನಿಂತ. ಅವನ ಕಣ್ಣು ಗದ್ದೆಪ್ಪನ ಮೇಲೆ ಹರಿದು, ಹುಲಗೆಮ್ಮನ ಮೇಲೆ ಒಂದು ಗಳಿಗೆ ನಿಂತಿತು.

"ನೆನಪಿಲ್ಲ ಸರ್."

"ನೆನಪಿಲ್ಲ?" ಸಾಹೇಬರು ನಕ್ಕರು. "ಬಾಯಿಗೆ ಬಂದ ಸುಳ್ಳು ಬರೀತೀರಿ, ಹೆಸರು ಕೇಳಿದ್ರ ನೆನಪಿಲ್ಲ! ಇಂಥವರಿಗೆ ಅಮಾನತು ಸಾಲದು, ಮನಿಗೇ ಕಳಿಸಬೇಕು."

ಹುಲಗೆಮ್ಮ ಯಂಕೋಬನನ್ನೇ ದಿಟ್ಟಿಸಿದಳು. ಅಯ್ಯೋ, ಹೇಳಬಾರದೇ! ನನ್ನ ಹೆಸರು ಗೊತ್ತಿಲ್ಲವೇ ಇವನಿಗೆ? ತನ್ನ ಅನ್ನ ತಾನೇ ಕಳಕೊಂಡು ನನ್ನನ್ನು ಯಾಕೆ ಕಾಯುತ್ತಿದ್ದಾನೆ...

"ನನಗ ಹೇಳಿದ್ರು!"

ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಹುಲಗೆಮ್ಮ ಎದ್ದು ನಿಂತಿದ್ದಳು.

"ಚಿಗುರಿಗೆ ಬಿಡಬ್ಯಾಡ ಅಂತ ನನಗ ಹೇಳಿದ್ರು ಸಾಹೇಬ್ರ. ನಾನ ಕೇಳಲಿಲ್ಲ. ಇವರು ವಿಷ ಹೊಡೆದದ್ದು ನಾ ಕಂಡಿಲ್ಲ. ಅದು ಅರ್ಜಿ ಬರೆದಾತನ ಮಾತು, ನಂದಲ್ಲ. ಜೈಲಿಗಿ ಹಾಕ್ತೀರಂದ್ರ ಹಾಕ್ರಿ."

ಗದ್ದೆಪ್ಪ ನಿಧಾನಕ್ಕೆ ಎದ್ದ. ಕಂಬಳಿ ಹೆಗಲಿಗೆ ಹಾಕಿದ.

"ಇನ್ನ ನನ್ನ ಕುರಿಗೆ ಕೈ ಹಚ್ಚಬ್ಯಾಡ" ಎಂದ. ಮಗಳ ಕಡೆ ನೋಡಲೇ ಇಲ್ಲ, ಹೊರಗೆ ನಡೆದುಬಿಟ್ಟ.

ಜೈಲು ಇದಕ್ಕಿಂತ ಹಗುರವಾಗುತ್ತಿತ್ತು!

ಒಂದು ತಿಂಗಳು ಆ ದೊಡ್ಡಿಯಲ್ಲಿ ಅಪ್ಪ ಮಗಳ ನಡುವೆ ಮಾತಿರಲಿಲ್ಲ. ರೊಟ್ಟಿ ಬಡಿದು ಇಡುತ್ತಿದ್ದಳು, ಅವನು ತಿಂದು ಏಳುತ್ತಿದ್ದ. ಕುರಿಗಳು ಇವಳ ಮುಂದೆ ಹಾದು ಹೋಗುವಾಗ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದಳು.

ಆಮೇಲೊಂದು ಸಂಜೆ ಯಂಕೋಬ ಬಂದ. ಅಮಾನತು ರದ್ದಾಗಿತ್ತು, ಕೆಲಸ ಮಾನ್ವಿಗೆ ಹಾಕಿದ್ದರು. ಅದನ್ನು ಅವನು ಹೇಳಿದ್ದು ಗದ್ದೆಪ್ಪನಿಗೆ. ಮುದುಕ ಅವನಿಗೆ ಕಂಬಳಿ ಹಾಸಿ ಕೂರಿಸಿ, ಒಳಗೆ ಕೂಗಿದ.

"ಹುಲಗೀ... ಸಾಹೇಬ್ರಿಗೆ ಮಜ್ಜಿಗಿ ಕೊಡವ್ವಾ."

ಅವ್ವಾ! ಹುಲಗೆಮ್ಮ ಕಣ್ಣೊರೆಸಿಕೊಂಡು ಚೊಂಬು ತಂದಳು. ಗದ್ದೆಪ್ಪ ಕುರಿ ಎಣಿಸುವ ನೆಪ ಮಾಡಿ ಎದ್ದು ಹೋದ.

"ಅವತ್ತು ಯಾಕ ನನ್ನ ಹೆಸರು ಹೇಳಲಿಲ್ರೀ?"

"ಹೇಳಿದ್ರ ನನ್ನ ನೌಕರಿ ಉಳೀತಿತ್ತು. ನಿಮ್ಮಪ್ಪನ ಮುಂದ ನೀ ಉಳೀತಿದ್ದಿಲ್ಲ."

"ಅದರಿಂದ ನಿಮಗೇನ್ರೀ?"

ಅವನು ಚೊಂಬಿನೊಳಗೆ ನೋಡುತ್ತಾ ಹೇಳಿದ. "ನಾ ಇರೋ ಜಾಲಹಳ್ಳಿಯಿಂದ ಮಸರಕಲ್ಲಿಗೆ ಬರಾಕ ನಿಮ್ಮ ದೊಡ್ಡಿ ಮುಂದಿನ ಈ ದಾರಿಗಿಂತ ಹತ್ತಿರದ ದಾರಿ ಅದ, ಹುಲಗೆಮ್ಮ. ಒಂದು ವರ್ಷ ಆತು, ನಾ ಆ ದಾರಿ ತುಳಿದಿಲ್ಲ."

ಹುಲಗೆಮ್ಮ ದೊಡ್ಡಿಯ ಮುಂದಿನ ದಾರಿಯನ್ನು ಒಮ್ಮೆ, ಅವನ ಸೈಕಲ್ಲನ್ನು ಒಮ್ಮೆ ನೋಡಿದಳು!

"ನಿಮ್ಮಪ್ಪನ್ನ ಕೇಳಲೇನು?"

"ಅಪ್ಪನ್ನ ಆಮ್ಯಾಲ ಕೇಳ್ರಿ. ಮೊದಲು ನನ್ನ ಕೇಳ್ರಿ."

"ಮಾನ್ವಿಗೆ ಬರ್ತಿಯೇನು, ನನ್ನ ಜೊತಿ?"

"ಬರ್ತೀನಿ... ಆದ್ರ ನೀವು ಹೇಳಿದ್ದಕ್ಕೆಲ್ಲಾ ಹೂಂ ಅಂತೀನಿ ಅಂತ ತಿಳಕೋಬ್ಯಾಡ್ರಿ!"

"ಅನಬ್ಯಾಡ" ಎಂದು ನಕ್ಕ ಯಂಕೋಬ. "ಹೂಂ ಅನ್ನೋರು ಊರ ತುಂಬ ಅದಾರ. ಎದ್ದು ನಿಂತು ಖರೇ ಹೇಳೋಳು ನೀ ಒಬ್ಬಾಕಿ."