ಐವತ್ತಾರಕ್ಕೆ ಬಿಗಿದ ರಾಕೆಟ್

“ಕಟ್ ಆಗೇ ಇಲ್ವಲ್ಲೇ ಇದು!”

ಗಟ್ಟಿಂಗ್ ಆಂಟಿ ರಾಕೆಟ್ಟನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು, ಒಂದೊಂದೇ ಗಟ್ಟನ್ನು ಉಗುರಿನಿಂದ ಮೀಟಿ ನೋಡಿದರು. ಎಲ್ಲವೂ ನೆಟ್ಟಗಿದ್ದವು.

“ಕಟ್ ಆಗಿಲ್ಲ ಆಂಟಿ. ಶಬ್ದ ಬದಲಾಗಿದೆ,” ಎಂದಳು ಗೋಚಿ.

“ಏನು ಬದಲಾಗಿದೆ?”

“ಶಬ್ದ. ಮೊದಲು ಟಣ್ ಅಂತಿತ್ತು. ಈಗ ಟಪ್ ಅಂತಿದೆ.”

ಆಂಟಿ ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿದರು. ಅವರ ಅಂಗಡಿ ಇರುವುದು ಒಂದು ಕಟ್ಟಡದ ಮೆಟ್ಟಿಲ ಕೆಳಗೆ. ಇಬ್ಬರು ಗಿರಾಕಿಗಳು ಬಂದರೆ ಒಬ್ಬರು ಬೀದಿಯಲ್ಲೇ ನಿಲ್ಲಬೇಕು. ಟೆನಿಸ್, ಬ್ಯಾಡ್ಮಿಂಟನ್ ಆಡುವವರೆಲ್ಲ ರಾಕೆಟ್‌ಗೆ ಗಟ್, ಅಂದರೆ ದಾರದ ಬಲೆ, ಹಾಕಿಸಲು ಅಲ್ಲಿಗೇ ಬರುತ್ತಿದ್ದರು. ಆ ಕೆಲಸಕ್ಕೆ ಗಟ್ಟಿಂಗ್ ಅಂತ ಹೆಸರು. ಹಾಗಾಗಿ ಅವರು ಗಟ್ಟಿಂಗ್ ಆಂಟಿ.

“ಗಟ್ ಅಂದ್ರೆ ಹಾಗೇ ಕಣೆ. ಆಡಿದ್ರೂ ಸಡಿಲ ಆಗುತ್ತೆ, ಆಡದೆ ಮೊಳೆಗೆ ನೇತು ಹಾಕಿದ್ರೂ ಸಡಿಲ ಆಗುತ್ತೆ. ಇದನ್ನ ಹಾಕಿ ಎಷ್ಟು ತಿಂಗಳಾಯ್ತು!”

“ಅದಕ್ಕೇ ಹೊಸದು ಹಾಕಿ. ಐವತ್ತಾರು.”

ಆಂಟಿ ಕನ್ನಡಕವನ್ನು ಮತ್ತೆ ಮೂಗಿಗೆ ಇಳಿಸಿಕೊಂಡರು.

ಐವತ್ತಾರು ಪೌಂಡ್ ಅಂದರೆ ಗಟ್ಟನ್ನು ಎಷ್ಟು ಜೋರಾಗಿ ಎಳೆದು ಬಿಗಿಯಬೇಕು ಅನ್ನುವ ಲೆಕ್ಕ. ಅಂಗಡಿಯ ಭಾಷೆಯಲ್ಲಿ ಅದು ಟೆನ್ಶನ್. ಐವತ್ತಾರು ಅಕ್ಕನ ಲೆಕ್ಕ. ಅಕ್ಕ ರಸ್ತೆಯ ಆಚೆಯಿಂದಲೇ “ಐವತ್ತಾರು, ಆಂಟೀ!” ಎಂದು ಕೂಗಿಕೊಂಡು ಬರುತ್ತಿದ್ದಳು. ಅವಳ ಹಿಂದೆ ಅವಳ ನೀರಿನ ಬಾಟಲಿ ಹಿಡಿದುಕೊಂಡು ಗೋಚಿ. ಎಲ್ಲಿಗೆ ಹೋದರೂ ಹಿಂದೆಯೇ ಬರುವ ತಂಗಿಗೆ ಅಕ್ಕ ಬಾಲಂಗೋಚಿ ಎಂದು ಹೆಸರಿಟ್ಟಿದ್ದಳು. ಅದು ಸವೆದು ಸವೆದು ಗೋಚಿ ಆಗಿತ್ತು.

ಅಕ್ಕನಿಗೆ ಹದಿನೇಳು ವರ್ಷ. ಜ್ವರ ಅಂತ ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಬಂದಿದ್ದು ಅವಳ ಬಟ್ಟೆಯ ಚೀಲ ಮಾತ್ರ.

“ನೋಡಮ್ಮ,” ಆಂಟಿ ಮೆಲ್ಲಗೆ ಹೇಳಿದರು, “ನಿಮ್ಮಕ್ಕನ ಕೈ ಬೇರೆ. ಅವಳು ಹೊಡೆದ್ರೆ ಚೆಂಡೇ ಅಮ್ಮಾ ಅಂತಿತ್ತು. ನೀನೋ, ಕಡ್ಡಿ ಪೈಲ್ವಾನ್. ಇಷ್ಟು ಗಡಸು ಗಟ್ಟನ್ನ ಇಷ್ಟು ಬಿಗಿಯಾಗಿ ಹಾಕಿದ್ರೆ ಏಟೆಲ್ಲಾ ನಿನ್ನ ಕೈಗೇ ಬರುತ್ತೆ. ಮೆತ್ತಗಿರೋ ಗಟ್ ಇದೆ. ನಲವತ್ತು ಚಿಲ್ಲರೆ ಪೌಂಡ್‌ಗೆ ಹಾಕ್ಕೊಡ್ತೀನಿ. ಚೆಂಡು ತಾನಾಗೇ ಹಾರುತ್ತೆ.”

“ಬೇಡ. ಅಕ್ಕ ಹಾಕಿಸ್ತಿದ್ದಿದ್ದೇ ಗಟ್. ಐವತ್ತಾರು.”

“ಅಬ್ಬಾ, ಹಟವೇ! ಹೋಗ್ಲಿ, ಈ ರಬ್ಬರ್ ಗುಂಡಿ ಆದ್ರೂ ಗಟ್ ಮಧ್ಯೆ ಸಿಕ್ಕಿಸ್ಕೋ. ಜುಮ್ ಅನ್ನೋದು ಕಮ್ಮಿ ಆಗುತ್ತೆ.”

“ಅದು ಹಾಕಿದ್ರೆ ಶಬ್ದ ಹೋಗುತ್ತೆ!”

ಗೋಚಿ ಎಷ್ಟು ಜೋರಾಗಿ ಕೂಗಿದಳೆಂದರೆ, ಬೀದಿಯಲ್ಲಿ ಹೋಗುತ್ತಿದ್ದ ಅಜ್ಜ ಒಬ್ಬರು ತಿರುಗಿ ನೋಡಿದರು.

ಆಂಟಿ ಕತ್ತರಿ ಕೈಗೆತ್ತಿಕೊಂಡರು. ಮತ್ತೆ ಕೆಳಗಿಟ್ಟರು. “ಇದು ನಿಮ್ಮಕ್ಕ ಆಡಿದ ಗಟ್ಟು. ಅವಳಿಗೆ ಅಂತ ನಾನು ಹಾಕಿದ ಕೊನೇದು. ಕತ್ತರಿಸಲಾ?”

ಗೋಚಿ ಇದನ್ನು ಯೋಚಿಸಿರಲಿಲ್ಲ. ಗಟ್ಟಿನ ನಡುವೆ ಚೆಂಡು ಬಡಿದು ಬಡಿದು ಮಸುಕಾದ ಒಂದು ಜಾಗವಿತ್ತು. ಅಷ್ಟೂ ಅಕ್ಕನ ಏಟುಗಳು. ಅವಳು ಅದನ್ನು ಬೆರಳಿನಿಂದ ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡಳು.

“ಹೂಂ. ಕತ್ತರಿಸಿ.”

ಟಕ್ ಎಂದು ಮೊದಲನೆಯದು ತುಂಡಾಯಿತು. ಗೋಚಿ ರಸ್ತೆಯ ಕಡೆ ಮುಖ ಮಾಡಿ ನಿಂತಳು.

ಆ ಶಬ್ದ ಯಾಕೆ ಬೇಕೆಂದು ಅವಳು ಯಾರಿಗೂ ಹೇಳಿರಲಿಲ್ಲ.

ಮನೆಯ ಹಿಂದೆ ಸಿಮೆಂಟು ಹಾಕಿದ ಒಂದು ಓಣಿ. ಓಣಿಯ ಆಚೆ ಗೋದಾಮಿನ ಎತ್ತರದ ಗೋಡೆ. ಶಾಲೆಯ ಕೋರ್ಟಿನಲ್ಲಿ ಆಡಿ ಬಂದ ಮೇಲೂ ಅಕ್ಕ ಸಂಜೆ ಅಲ್ಲಿ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಓಣಿಗೆ ತೆರೆದ ಕಿಟಕಿಯ ಪಕ್ಕ ಅಪ್ಪನ ಮೇಜು. ಅಪ್ಪ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದರು. ಹೊರಗೆ ಟಣ್, ಒಳಗೆ ಸ್ಕ್ರೂಡ್ರೈವರಿನ ಕಿರ್ರ್. “ಏನ್ರೀ, ಅಪ್ಪ ಮಗಳು ಬ್ಯಾಂಡ್ ಸೆಟ್ ಶುರು ಮಾಡಿದೀರಾ?” ಎಂದು ಅಮ್ಮ ನಗುತ್ತಿದ್ದರು.

ಆಮೇಲೆ ಓಣಿ ಸುಮ್ಮನಾಯಿತು. ಅಪ್ಪನೂ ಸುಮ್ಮನಾದರು. ಮೂರು ಸಲ ಕೂಗಿದರೆ ಒಂದು ಸಲ “ಆಂ?” ಎನ್ನುತ್ತಿದ್ದರು. ತಟ್ಟೆಯಲ್ಲಿ ಹಾಕಿದ್ದು ಹಾಗೇ ಉಳಿಯುತ್ತಿತ್ತು.

ಒಂದು ಸಂಜೆ ಗೋಚಿ ಸುಮ್ಮನೆ, ಹೊತ್ತು ಹೋಗದೆ, ಮೊಳೆಯಿಂದ ಅಕ್ಕನ ರಾಕೆಟ್ ಇಳಿಸಿ ಓಣಿಗೆ ಹೋದಳು. ಒಂದು ಚೆಂಡು ಹೊಡೆದಳು.

ಟಣ್.

ಒಳಗೆ ಸ್ಕ್ರೂಡ್ರೈವರ್ ನಿಂತಿತು. ಬೈಗುಳ ಗ್ಯಾರಂಟಿ ಅಂದುಕೊಂಡು ಗೋಚಿ ಕಿಟಕಿಯಲ್ಲಿ ಇಣುಕಿದಳು. ಅಪ್ಪ ಮೆಷಿನ್ನಿನ ಮೇಲೆ ಎರಡೂ ಕೈ ಇಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಅವರ ಮುಖ ಮೊದಲಿನ ಹಾಗೆ ಇತ್ತು. ಪೂರ್ತಿ ಮೊದಲಿನ ಹಾಗೆ.

ಅವತ್ತು ರಾತ್ರಿ ಅಪ್ಪ ಎರಡನೇ ಸಲ ಬಡಿಸಿಕೊಂಡರು. ಅಮ್ಮ ಗೋಚಿಯ ಮುಖ ನೋಡಿದರು. ಗೋಚಿ ತಟ್ಟೆ ನೋಡಿಕೊಂಡಳು.

ಅಂದಿನಿಂದ ದಿನಾ ಸಂಜೆ ಅವಳು ಹೊಡೆದಳು. ಈಚೆಗೆ ಶಬ್ದ ಟಪ್ ಆಗಿತ್ತು. ಅಪ್ಪ ಕಣ್ಣು ತೆರೆದು, ಏನೋ ಕಳೆದುಕೊಂಡವರ ಹಾಗೆ ಕಿಟಕಿಯ ಕಡೆ ನೋಡುತ್ತಿದ್ದರು. ಅದಕ್ಕೇ ಅವಳು ಅಂಗಡಿಗೆ ಓಡಿ ಬಂದಿದ್ದು.

ಹೊಸ ಗಟ್ ಚೆನ್ನಾಗಿ ಕೂಗಿತು. ಟಣ್, ಟಣ್. ಅಪ್ಪನ ಕಣ್ಣು ಮತ್ತೆ ಮುಚ್ಚಿತು.

ಆದರೆ ಪ್ರತಿ ಟಣ್‌ಗೂ ಗೋಚಿಯ ಮೊಣಕೈಯಲ್ಲಿ ಯಾರೋ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಮೊದಮೊದಲು ಹೊಡೆಯುವಾಗ ಮಾತ್ರ. ಆಮೇಲೆ ಬಾಗಿಲ ಹಿಡಿ ತಿರುಗಿಸುವಾಗ. ಆಮೇಲೆ ಬರೆಯುವಾಗ.

“ಇದೇನೇ ನಿನ್ನ ಅಕ್ಷರ, ಕೋಳಿ ಕೆದರಿದ ಹಾಗಿದೆ!” ಪಕ್ಕದ ಬೆಂಚಿನವಳು ಕಿಸಕ್ಕೆಂದಳು. “ಇದನ್ನ ಓದಕ್ಕೆ ಮಿಸ್ಸು ಭೂತಕನ್ನಡಿ ತರಬೇಕು.”

“ನಿನ್ನ ಡ್ರಾಯಿಂಗ್ ನೋಡಕ್ಕೆ ಏನು ತರಬೇಕು? ಕಣ್ಣಿಗೆ ಪಟ್ಟಿ!” ಎಂದಳು ಗೋಚಿ. ಪಕ್ಕದವಳು ನಕ್ಕಳು. ಗೋಚಿ ಡೆಸ್ಕಿನ ಕೆಳಗೆ ಮೊಣಕೈ ತಿಕ್ಕಿಕೊಂಡಳು.

ಮನೆಯಲ್ಲಿ ಅಮ್ಮ ಕೇಳಿದರು. ಅಮ್ಮ ಬೇಕರಿಯಲ್ಲಿ ಕೆಲಸ ಮುಗಿಸಿ ಬಂದಾಗ ಅವರ ಹುಬ್ಬಿನಲ್ಲೂ ಹಿಟ್ಟು ಇರುತ್ತಿತ್ತು. “ಯಾಕೇ ಎಡಗೈಲಿ ಲೋಟ ಹಿಡಿದಿದೀಯಾ?”

“ಪ್ರಾಕ್ಟೀಸ್ ಅಮ್ಮ. ಪ್ಲೇಯರ್‌ಗೆ ಎರಡೂ ಕೈ ಬರಬೇಕಂತೆ.”

“ದೊಡ್ಡ ಪ್ಲೇಯರ್ ನೀನು,” ಎಂದು ಅಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಮತ್ತೆ ಕೇಳುವಷ್ಟು ಶಕ್ತಿ ಅವರಲ್ಲಿ ಇರಲಿಲ್ಲ.

ಒಂದು ಸಂಜೆ ಚೆಂಡು ಗೋಡೆಯಿಂದ ಜೋರಾಗಿ ವಾಪಸು ಬಂತು. ಗೋಚಿ ಹೊಡೆದಳು. ಕೈಯಿಂದ ಶಕ್ತಿಯೆಲ್ಲ ಸೋರಿಹೋದ ಹಾಗಾಗಿ ರಾಕೆಟ್ ನೆಲಕ್ಕೆ ಬಿತ್ತು. ಓಣಿ ತುಂಬ ಅದರ ಸದ್ದು. ಆಮೇಲೆ ಏನೂ ಇಲ್ಲ.

ಅವಳು ಮೊಣಕೈ ಹಿಡಿದುಕೊಂಡು ಕೂತಳು. ಕಿಟಕಿಯಿಂದ ಅಪ್ಪನ ಧ್ವನಿ ಬಂತು. ಹಿತವಾದ, ಅರ್ಧ ನಿದ್ದೆಯ ಧ್ವನಿ.

“ಯಾಕೆ ನಿಲ್ಲಿಸ್ದೆ, ದೊಡ್ಡೂ?”

ದೊಡ್ಡು ಅಂದರೆ ಅಕ್ಕ. ಅಪ್ಪ ಮಾತ್ರ ಅವಳನ್ನು ಹಾಗೆ ಕರೆಯುತ್ತಿದ್ದರು.

ಒಳಗೆ ಏನೋ ಚಿಕ್ಕ ಕಬ್ಬಿಣದ ಸಾಮಾನು ಬಿದ್ದು, ನೆಲದ ಮೇಲೆ ಉರುಳಿ ಉರುಳಿ ನಿಂತಿತು. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಕಿಟಕಿ ಮುಚ್ಚಿಕೊಂಡಿತು.

ಗೋಚಿ ರಾಕೆಟ್ ಎತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದು ಮತ್ತೆ ಹೊಡೆದಳು. ಟಣ್. ಕಿಟಕಿ ತೆರೆಯಲಿಲ್ಲ. ಇನ್ನೊಂದು ಹೊಡೆದಳು. ತೆರೆಯಲಿಲ್ಲ.

ಅವತ್ತು ಅಪ್ಪ ಊಟಕ್ಕೇ ಬರಲಿಲ್ಲ.

ಮರುದಿನ ಶಾಲೆ ಬಿಟ್ಟ ಕೂಡಲೇ ಅವಳು ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿದ್ದಳು.

“ಏನು ಮಹಾರಾಯ್ತಿ, ಮತ್ತೆ ಶಬ್ದ ಕೆಟ್ಟಿತಾ?”

“ಇಲ್ಲ. ಶಬ್ದ ಚೆನ್ನಾಗೇ ಇದೆ.”

ಅವಳು ರಾಕೆಟ್ಟನ್ನು ಎಡಗೈಯಲ್ಲಿ ಹಿಡಿದಿದ್ದನ್ನು ಆಂಟಿ ನೋಡಿದರು. “ಎಲ್ಲಿ, ಆ ಕೈ ಕೊಡು.” ಮೊಣಕೈಯ ಹೊರಗಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪವೇ ಒತ್ತಿದರು.

ಗೋಚಿ ಅತ್ತುಬಿಟ್ಟಳು. ಅಷ್ಟೇನೂ ನೋವಾಗಿರಲಿಲ್ಲ. ಆದರೂ ಅಳು ನಿಲ್ಲಲಿಲ್ಲ.

“ಅಳು, ಅಳು. ಗಿರಾಕಿ ಯಾರೂ ಇಲ್ಲ,” ಎಂದು ಆಂಟಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. ತಾವು ಬೆನ್ನು ತಿರುಗಿಸಿ, ಗಟ್ಟಿನ ಸುರುಳಿಗಳನ್ನು ಸುಮ್ಮನೆ ಆ ಮೊಳೆಯಿಂದ ಈ ಮೊಳೆಗೆ ಹಾಕಿದರು. ಅಳು ಬಿಕ್ಕಳಿಕೆಯಾದ ಮೇಲೆ ಕೇಳಿದರು. “ಎಷ್ಟಕ್ಕೆ ಹಾಕ್ಲಿ ಈಗ?”

ಗೋಚಿ ಬಾಯಿ ತೆರೆದಳು. ಐವತ್ತಾರು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಬಿಟ್ಟರೆ ಅವಳಿಗೆ ಬೇರೆ ಯಾವ ಲೆಕ್ಕವೂ ಬರುತ್ತಿರಲಿಲ್ಲ.

“ಗೊತ್ತಿಲ್ಲ ಆಂಟಿ. ನಂಗೆ ಎಷ್ಟು ಬೇಕು ಅಂತ ನಾನು ನೋಡೇ ಇಲ್ಲ.”

“ನೋಡೋಣ ಬಿಡು. ಅದಕ್ಕೇನಂತೆ.” ಆಂಟಿ ಎರಡು ತುಂಡು ಗಟ್ ಅವಳ ಅಂಗೈಗೆ ಹಾಕಿದರು. ಒಂದನ್ನು ಬಗ್ಗಿಸಿದರೆ ಸೆಟೆದು ನಿಲ್ಲುತ್ತಿತ್ತು. ಇನ್ನೊಂದು ದಪ್ಪ ದಾರದ ಹಾಗೆ ಬೆರಳಿಗೆ ಸುತ್ತಿಕೊಂಡಿತು. ಗೋಚಿ ಅದನ್ನು ಆರಿಸಿದಳು.

“ನಲವತ್ತೆರಡಕ್ಕೆ ಶುರು ಮಾಡೋಣ. ಸರಿ ಅನ್ನಿಸದಿದ್ರೆ ಮುಂದಿನ ಸಲ ಮೇಲೆ ಕೆಳಗೆ ಮಾಡಿದ್ರಾಯ್ತು. ಕೈ ಪೂರ್ತಿ ವಾಸಿ ಆಗೋವರೆಗೂ ಮಾತ್ರ ಮುಟ್ಟಬೇಡ, ಕೇಳಿಸ್ತಾ? ಟೆನ್ಶನ್ ರಾಕೆಟ್‌ಗೆ ಇರಲಿ, ನೀನು ತಗೋಬೇಡ.”

ಗೋಚಿಗೆ ನಗು ಬರಲಿಲ್ಲ. ಆದರೂ ಆಂಟಿಗೋಸ್ಕರ ಸ್ವಲ್ಪ ನಕ್ಕಳು.

ಕೈ ವಾಸಿಯಾಗುವ ತನಕ ಓಣಿ ಖಾಲಿಯಿತ್ತು. ಅಪ್ಪ ಏನೂ ಕೇಳಲಿಲ್ಲ. ಸಂಜೆಯಾದರೆ ಕಿಟಕಿಯ ಹತ್ತಿರ ಹೋಗಿ, ತೆರೆದು, ಸ್ವಲ್ಪ ಹೊತ್ತು ನಿಂತು, ಮತ್ತೆ ಮೇಜಿಗೆ ಬರುತ್ತಿದ್ದರು. ಅವರನ್ನು ಹಾಗೆ ನೋಡಿದಾಗಲೆಲ್ಲ ಗೋಚಿಗೆ ಓಡಿಹೋಗಿ ಐವತ್ತಾರಕ್ಕೇ ಬಿಗಿಸಿಕೊಂಡು ಬರೋಣ ಅನ್ನಿಸುತ್ತಿತ್ತು.

ನೋವು ಪೂರ್ತಿ ಹೋದ ಮೇಲೆ ಒಂದು ಸಂಜೆ ಅವಳು ಹೊರಗೆ ಬಂದಳು. ಕಿಟಕಿಯ ಕಡೆ ನೋಡದೆ ಹೊಡೆದಳು.

ಬುಪ್.

ಯಾರೋ ದಿಂಬಿಗೆ ಗುದ್ದಿದ ಹಾಗಿತ್ತು. ಕೈಗೆ ಏನೂ ಆಗಲಿಲ್ಲ. ಚೆಂಡು ಗೋಡೆಗೆ ತಾಗಿ ಹಗುರವಾಗಿ ಹಿಂದೆ ಬಂತು. ಬುಪ್.

ಒಳಗೆ ಸ್ಕ್ರೂಡ್ರೈವರ್ ನಿಂತಿತು.

ಈಗ ಕಿಟಕಿ ಮುಚ್ಚುತ್ತದೆ ಎಂದು ಗೋಚಿ ಕಾದಳು. ಮುಚ್ಚಲಿಲ್ಲ. ಹಿಂಬಾಗಿಲು ತೆರೆಯಿತು. ಅಪ್ಪ ಎಣ್ಣೆ ಮೆತ್ತಿದ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ನಿಂತಿದ್ದರು.

“ಗಟ್ ಬದಲಾಯಿಸಿದ್ಯಾ?”

“ಹೂಂ.”

“ಎಷ್ಟಕ್ಕೆ?”

“ನಲವತ್ತೆರಡು. ಕೈ ನೋಯ್ತಿತ್ತು ಅಪ್ಪ.”

“ಯಾವಾಗಿಂದ?”

ಗೋಚಿ ರಾಕೆಟ್ಟನ್ನು ಬೆನ್ನ ಹಿಂದೆ ಸರಿಸಿದಳು. ಅಪ್ಪ ತಾವೇ ಹಿಂದಕ್ಕೆ ಹಿಂದಕ್ಕೆ ಯೋಚಿಸುತ್ತಿರುವುದು ಅವರ ಮುಖದಲ್ಲಿ ಕಾಣುತ್ತಿತ್ತು. ದೊಡ್ಡೂ ಎಂದು ಕರೆದ ಆ ಸಂಜೆಗೆ ಬಂದು ನಿಂತರೆಂಬುದೂ ಕಂಡಿತು.

“ಹೇಳ್ಬಾರ್ದಾಗಿತ್ತೇನೇ?”

“ನೀವು ಕೇಳಿಸ್ಕೊಂಡು ಕೂತಿರ್ತಿದ್ರಿ.”

ಅಪ್ಪ ಮೆಟ್ಟಿಲ ಮೇಲೆ ಕೂತರು. ಕೈಯಲ್ಲಿ ಎಣ್ಣೆ ಇದ್ದದ್ದರಿಂದ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. ಗೋಚಿ ಚೆಂಡನ್ನು ಷೂಸಿನ ಕೆಳಗೆ ಇಟ್ಟುಕೊಂಡು ಆಚೀಚೆ ಉರುಳಿಸಿದಳು. ಅಕ್ಕ ಎಂಬ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ. ಆದರೂ ಇಬ್ಬರೂ ಅವಳ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ಗೋಚಿಗೆ ಅನ್ನಿಸಿತು.

ಕೊನೆಗೆ ಅಪ್ಪ ಎದ್ದು, ಕೈಗಳನ್ನು ಪ್ಯಾಂಟಿಗೇ ಒರೆಸಿಕೊಂಡರು.

“ಕೊಡಿಲ್ಲಿ ಚೆಂಡು. ನಾನು ಎಸೀತೀನಿ. ಮೆತ್ತಗೆ ಹೊಡಿ.”

ಗೋಚಿ ಗೋಡೆಗೆ ಬೆನ್ನು ಹಾಕಿ ನಿಂತಳು. ಅಪ್ಪ ಎಸೆದರು.

ಚೆಂಡು ಅವಳ ತಲೆಯ ಮೇಲಿಂದ ಹಾರಿ, ಗೋಡೆಗೆ ಬಡಿದು, ಓಣಿಯ ತುದಿಯವರೆಗೆ ಉರುಳಿಹೋಯಿತು. ಅದು ಯಾರ ಎತ್ತರಕ್ಕೆ ಎಸೆದ ಚೆಂಡೆಂದು ಗೋಚಿಗೆ ಗೊತ್ತಾಯಿತು. ಅಪ್ಪನಿಗೂ ಗೊತ್ತಾಯಿತು. ಅವರು ತಮ್ಮ ಕೈಯನ್ನೇ ನೋಡುತ್ತ ನಿಂತಿದ್ದರು.

ಗೋಚಿ ಓಡಲಿಲ್ಲ. ನಿಧಾನವಾಗಿ ಹೋಗಿ ಚೆಂಡು ಎತ್ತಿಕೊಂಡಳು. ನಿಧಾನವಾಗಿ ವಾಪಸು ಬಂದು, ಎಸೆಯದೆ, ಅದನ್ನು ಅಪ್ಪನ ಅಂಗೈಯಲ್ಲಿಟ್ಟಳು. ತನ್ನ ಜಾಗಕ್ಕೆ ಹೋಗಿ ನಿಂತಳು.

ಅಪ್ಪ ಈ ಸಲ ಅವಳನ್ನು ಸರಿಯಾಗಿ ನೋಡಿ ಎಸೆದರು.

ಎರಡನೆಯ ಚೆಂಡೂ ಸ್ವಲ್ಪ ಮೇಲೇ ಬಂತು. ಗೋಚಿ ತುದಿಗಾಲಲ್ಲಿ ನಿಂತು ಅದನ್ನು ಮುಟ್ಟಿದಳು.