ಮನೆಗೆ ಕರಿದು, ಮಂಡಿಗೆ ಹಳದಿ

“ಗ್ಲೋಬಲ್ ವಾರ್ಮಿಂಗ್, ಮಿಸ್.”

ಹೇಮಂತ್ ಎದ್ದು ನಿಂತು ಎದೆ ಉಬ್ಬಿಸಿ ಹೇಳಿದ. ಹಾಗೆಂದರೇನು ಅಂತ ಆಶ್ರಿತಾ ಮಿಸ್ ಕೇಳಿದರು. ಹೇಮಂತ್ ಸೂರು ನೋಡಿದ, ತಿರುಗದ ಫ್ಯಾನು ನೋಡಿದ, ಪಕ್ಕದವನ ಮುಖ ನೋಡಿದ. ಕೊನೆಗೆ, “ಬಿಸಿ ಆಗೋದು ಮಿಸ್,” ಅಂದ.

ಐದನೇ ಕ್ಲಾಸಿಗೆ ಕ್ಲಾಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಎರಡನೇ ಬೆಂಚಿನ ಚಂದನ.

ಹಲಗೂರಿನಲ್ಲಿ ಪ್ರಬಂಧ ಸ್ಪರ್ಧೆ ಇತ್ತು. ವಿಷಯ, ‘ಮನುಷ್ಯಕುಲದ ಮುಂದಿರುವ ಅತಿ ದೊಡ್ಡ ಸಮಸ್ಯೆ’. ಇಂಥ ವಿಷಯವನ್ನು ಹತ್ತು ವರ್ಷದ ಮಕ್ಕಳ ತಲೆ ಮೇಲೆ ಹೊರಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಮಸ್ಯೆ ಮಾಡಿಡುವುದು ದೊಡ್ಡವರು. ಬರೆಯುವುದು ಮಕ್ಕಳು. ಅದೂ ಎರಡು ಪುಟ ಮೀರಬಾರದಂತೆ.

ದೀಪಿಕ ಎದ್ದು ಜನಸಂಖ್ಯೆ ಅಂದಳು. ಅವರ ಮನೆಯಲ್ಲಿ ಹನ್ನೊಂದು ಜನ. ಹಾಗಾದರೆ ನಿಮ್ಮ ಮನೆಯಿಂದಲೇ ಶುರು ಮಾಡು ಅಂತ ಚಂದನ ಹಿಂದಿನಿಂದ ಪಿಸುಗುಟ್ಟಿದಳು. ಕಿಟಕಿ ಪಕ್ಕದ ಹುಡುಗ ರೋಬೋಟು ಅಂದ. ಅವನ ಮನೆಯಲ್ಲಿದ್ದ ದೊಡ್ಡ ಮೆಷಿನ್ನು ಅಂದರೆ ಮಿಕ್ಸಿ. ಮೂವರೂ ಹಿಂದಿನ ದಿನ ಅಪ್ಪಂದಿರ ಮೊಬೈಲು ಕಿತ್ತುಕೊಂಡು ನೋಡಿ ಬಂದಿದ್ದರು ಅನ್ನುವುದು ಚಂದನಳಿಗೆ ಖಾತ್ರಿಯಾಗಿತ್ತು.

“ನಿಂದು ಯಾವುದಮ್ಮ?” ಅಂತ ಮಿಸ್ ಅವಳ ಕಡೆ ತಿರುಗಿದರು.

ಚಂದನಳ ಹತ್ತಿರ ಯಾವುದೂ ಇರಲಿಲ್ಲ. ಇನ್ನೂ ಯೋಚನೆ ಮಾಡ್ತಿದೀನಿ ಅಂದಳು. ಈಗ ನಗುವ ಸರದಿ ಹೇಮಂತನದು.

ಮೊಬೈಲಿನಲ್ಲಿ ಸಿಗುವುದು ಯಾರಿಗೂ ಬೇಡ, ನಿಮ್ಮ ಕಣ್ಣಿಗೆ ಬಿದ್ದದ್ದು ಬರೆಯಿರಿ, ಶುಕ್ರವಾರ ಕೊಡಿ ಅಂತ ಮಿಸ್ ಹೇಳಿದರು. ಅವತ್ತು ಬುಧವಾರ.

ಬೆಲ್ ಹೊಡೆದ ಮೇಲೆ ಮಿಸ್ ಚಂದನಳನ್ನು ಹತ್ತಿರ ಕರೆದರು. ಅವರ ಮಗುವಿಗೆ ಒಂದೂವರೆ ವರ್ಷ. ರಾಗಿ ಸರಿಗೆ ಸಕ್ಕರೆ ಹಾಕಬೇಡಿ, ಬೆಲ್ಲ ಹಾಕಿ ಅಂತ ಡಾಕ್ಟರು ಹೇಳಿದ್ದರಂತೆ. “ನಿಮ್ಮ ಆಲೆಮನೆಯದು ನಾಲ್ಕು ಅಚ್ಚು ತಂದುಕೊಡ್ತೀಯಾ? ಅಂಗಡಿಯದ್ದನ್ನ ನಂಬೋಕಾಗಲ್ಲ.”

ಚಂದನಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಶ್ರಿತಾ ಮಿಸ್ ಅಂದರೆ ಅವಳಿಗೆ ಪ್ರಾಣ. ಸ್ಪೋರ್ಟ್ಸ್ ದಿನ ಮಿಸ್ ಮಳವಳ್ಳಿಯಿಂದ ಪಾಪುವನ್ನು ಕರೆತಂದಿದ್ದಾಗ ಇಡೀ ಮಧ್ಯಾಹ್ನ ಅದನ್ನು ಎತ್ತಿಕೊಂಡು ತಿರುಗಿದವಳು ಅವಳೇ. ಪಾಪು ಅವಳ ಜಡೆಯ ರಿಬ್ಬನ್ನು ಬಾಯಿಗಿಟ್ಟುಕೊಂಡು ಚೀಪಿ ಚೀಪಿ ಬಣ್ಣ ಬಿಡಿಸಿತ್ತು.

ಊರಾಚೆ ನಾಲೆ ಪಕ್ಕದಲ್ಲಿ ಅವಳ ಅಪ್ಪ ಸಿದ್ದರಾಜುವಿನ ಆಲೆಮನೆ. ಚಂದನ ಸ್ಕೂಲಿನಿಂದ ನೇರ ಅಲ್ಲಿಗೇ ಹೋದಳು. ಗಾಣ ನಿಂತಿತ್ತು. ಅಪ್ಪ ಕಬ್ಬು ತರಲು ಗದ್ದೆಗೆ ಹೋಗಿದ್ದ. ಒಳಗೆ ಟಾರ್ಪಲಿನ ಮೇಲೆ ಹಳದಿ ಬೆಲ್ಲದ ಅಚ್ಚುಗಳು ಸಾಲಾಗಿ ಹೊಳೆಯುತ್ತಿದ್ದವು. ಅವು ಮಂಡಿಗೆ ಹೋಗುವಂಥವು. ಮೂಲೆಯ ಗೋಣಿಚೀಲದಲ್ಲಿ ಕಪ್ಪು ಬೆಲ್ಲ. ಅದು ಮನೆಗೆ. ಚಂದನ ಕಣ್ಣು ಬಿಟ್ಟಾಗಿನಿಂದಲೂ ಇದು ಹೀಗೇ.

ಯಾಕೆ ಹೀಗೆ ಅಂತ ಅವಳು ಯಾರನ್ನೂ ಕೇಳಿರಲಿಲ್ಲ. ಕೇಳುವುದೇನಿದೆ? ಹಾಲು ಕರೆದರೆ ಒಳ್ಳೆ ಹಾಲು ಡೇರಿಗೆ, ಕೊನೆಯಲ್ಲಿ ಉಳಿದದ್ದು ಮನೆಗೆ. ತೆಂಗಿನಕಾಯಿ ಕಿತ್ತರೆ ದಪ್ಪನೆಯವು ವ್ಯಾಪಾರಿಗೆ, ಗೊಡ್ಡು ಕಾಯಿ ಸಾರಿಗೆ. ಬೆಲ್ಲವೂ ಹಾಗೇ ಇರಬೇಕು ಅಂದುಕೊಂಡಿದ್ದಳು. ಮಿಸ್ಸಿಗೆ ಆ ಮೂಲೆಯ ಕರಿ ಬೆಲ್ಲ ಕೊಡುವುದೆ? ಮರ್ಯಾದೆ ಏನಾಗಬೇಕು? ಟಾರ್ಪಲಿನಿಂದ ಒಂದು ಚೂರೂ ಮುಕ್ಕಾಗದ ನಾಲ್ಕು ಹಳದಿ ಅಚ್ಚು ಆರಿಸಿ, ಪೇಪರಿನಲ್ಲಿ ಸುತ್ತಿ, ಬ್ಯಾಗಿಗೆ ಹಾಕಿಕೊಂಡಳು. ಗುರುವಾರ ಬೆಳಿಗ್ಗೆ ಮಿಸ್ಸಿಗೆ ಕೊಟ್ಟಳು.

“ಚಿನ್ನದ ಥರ ಇದೆಯಲ್ಲೇ,” ಅಂದರು ಮಿಸ್. ಚಂದನ ಇಡೀ ದಿನ ಯಾರ ಜೊತೆಗೂ ಜಗಳವಾಡಲಿಲ್ಲ.

ಆ ಸಾಯಂಕಾಲ ಆಲೆಮನೆಗೆ ಶಿವರಾಜು ಬಂದಿದ್ದ. ನಾಲೆಯ ಆಚೆ ಬದಿಯಲ್ಲಿ ಹುರುಳಿಕಾಯಿ, ಟೊಮೆಟೊ ಬೆಳೆಯುವವನು. ಒಂದು ಚೀಲ ಹುರುಳಿಕಾಯಿ ತಂದಿದ್ದ. ಮನೆಗೆ ಅಂತ ಬೇರೆ ಹಾಕಿರುವ ಸಾಲಿನದು, ಔಷಧಿ ಮುಟ್ಟಿಸಿಲ್ಲ, ಧೈರ್ಯವಾಗಿ ತಿನ್ನಿ ಅಂದ. ಅದಕ್ಕೆ ಪ್ರತಿಯಾಗಿ ಅಪ್ಪ ಮೂಲೆಯ ಗೋಣಿಯಿಂದ ಎರಡು ಅಚ್ಚು ಕರಿ ಬೆಲ್ಲ ತೆಗೆದುಕೊಟ್ಟ. ಆಮೇಲೆ ಇಬ್ಬರೂ ಕಬ್ಬಿನ ಹಾಲು ಕುಡಿಯುತ್ತ ಪೇಟೆಯವರನ್ನು ಬೈಯಲು ಕೂತರು. ಹಾಲಿಗೆ ಏನೋ ಬೆರೆಸುತ್ತಾರಂತೆ, ಕಲ್ಲಂಗಡಿಗೆ ಸೂಜಿ ಚುಚ್ಚುತ್ತಾರಂತೆ, ಎಣ್ಣೆಯಲ್ಲಂತೂ ಎಣ್ಣೆಯೇ ಇಲ್ಲವಂತೆ.

“ಜನಕ್ಕೆ ನಿಯತ್ತೇ ಇಲ್ಲ ಕಣ್ಲಾ,” ಅಂದ ಅಪ್ಪ. ಶಿವರಾಜು ತಲೆಯಾಡಿಸಿದ. ಇಬ್ಬರ ಮುಖದಲ್ಲೂ ದೇವರ ಮನೆಯಿಂದ ಈಗ ತಾನೆ ಎದ್ದು ಬಂದ ಕಳೆ.

ಅದೇ ಹೊತ್ತಿಗೆ ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಅಪ್ಪ ಎದ್ದು ಹೋಗಿ, ಗೂಡಿನಲ್ಲಿದ್ದ ಪ್ಲಾಸ್ಟಿಕ್ ಡಬ್ಬದಿಂದ ಬಿಳಿ ಪುಡಿ ತೆಗೆದು ಪಾಕಕ್ಕೆ ಉದುರಿಸಿದ. ಕಂದು ಪಾಕ ನೋಡನೋಡುತ್ತ ಬೆಳ್ಳಗೆ ತಿಳಿಯಾಗಿ ಹಳದಿಗೆ ತಿರುಗಿತು. ಚಂದನ ಇದನ್ನು ನೂರು ಸಲ ನೋಡಿದ್ದಳು. ಸಾರಿಗೆ ಉಪ್ಪು ಹಾಕಿದ ಹಾಗೆ ಅಂದುಕೊಂಡಿದ್ದಳು.

ಮಿಸ್ಸಿಗೆ ಬೆಲ್ಲ ಕೊಟ್ಟೆ, ಪಾಪುವಿಗಂತೆ ಅಂತ ಅವಳು ಆಗ ಹೇಳಿದಳು.

“ಯಾವ್ದ ಕೊಟ್ಟೆ?” ಅಪ್ಪನ ಕೈ ನಿಂತಿತು.

“ಹಳದಿದು. ಚೆನ್ನಾಗಿರೋದ್ನೇ ಆರಿಸ್ಕೊಂಡು ಹೋದೆ.”

“ಥೂ ನಿನ್ನ. ಮಗೀಗೆ ಅಂತ ಕೇಳವ್ರೆ, ಅದ್ನ ಕೊಡದಾ? ಮನೇದು ಕೊಡ್ಬೇಕು ಕಣವ್ವ.”

“ಮನೇದು ಕರ್ರಗೈತಲ್ಲಪ್ಪ.”

“ಕರ್ರಗಿರದೇ ಬೆಲ್ಲ. ಬೆಳ್ಳಗೆ ಮಾಡದು ಪೌಡ್ರು.”

ಚಂದನ ಡಬ್ಬ ನೋಡಿದಳು. ಟಾರ್ಪಲ್ ನೋಡಿದಳು. ಅಲ್ಲಿ ಇನ್ನೂರು ಅಚ್ಚಾದರೂ ಇದ್ದವು.

“ಹಂಗಾದ್ರೆ ಮಂಡಿಯಿಂದ ತಗೊಂಡೋಗೋರ ಮನೇಲಿ ಮಕ್ಳಿಲ್ವಾ?”

ಶಿವರಾಜು ನಕ್ಕು ಕಬ್ಬಿನ ಹಾಲನ್ನು ಮೈಮೇಲೆ ಚೆಲ್ಲಿಕೊಂಡ. ಅಪ್ಪ ನಗಲಿಲ್ಲ.

“ಅವ್ರು ಯಾರೋ, ಎಲ್ಲಿಯವ್ರೋ. ಕರಿ ಬೆಲ್ಲ ತಗೊಂಡೋದ್ರೆ ಮಂಡೀಲಿ ಕಾಲಲ್ಲೂ ಮುಟ್ಟಾಕಿಲ್ಲ. ಅಳ್ದಿ ಬೇಕು ಅಂತರೆ, ಅಳ್ದಿ ಮಾಡ್ಕೊಡ್ತೀವಿ. ನಾನೊಬ್ನೇ ಆಕ್ತೀನಾ? ಎಲ್ಲ ಆಕ್ತರೆ.”

ಅದು ಸುಳ್ಳೇನಲ್ಲ. ಎಲ್ಲರೂ ಹಾಕುತ್ತಾರೆ ಅನ್ನುವುದೇ ಎಲ್ಲರ ಸಮಾಧಾನ. ಶಿವರಾಜುವಿನ ಹುರುಳಿಕಾಯಿಯಲ್ಲೂ ಮನೆ ಸಾಲು ಎರಡೇ. ಮಿಕ್ಕ ಮೂವತ್ತು ಸಾಲು ಯಾರೋ ಎಲ್ಲಿಯವರೋ ತಿನ್ನುತ್ತಾರೆ. ಎಂಥಾ ಜಾಣರು.

ಶುಕ್ರವಾರ ಬೆಳಿಗ್ಗೆ ಅಪ್ಪ ನಾಲ್ಕು ಅಚ್ಚು ಕರಿ ಬೆಲ್ಲ ಪೇಪರಿನಲ್ಲಿ ಸುತ್ತಿ ಕೊಟ್ಟ. ಹಳದಿದು ಬೇರೆಯವರಿಗೆ ಎತ್ತಿಟ್ಟಿದ್ದು, ಗೊತ್ತಾಗದೆ ತಂದುಬಿಟ್ಟೆ ಅಂತ ಹೇಳಿ ಬದಲಾಯಿಸಿಕೊಂಡು ಬಾ ಅಂದ. “ಪೌಡ್ರು ಗೀಡ್ರು ಅಂತ ಬಾಯಿ ಬುಡಬ್ಯಾಡ. ಎಲ್ರೂ ಆಕ್ತರೆ, ಎಸ್ರು ಕೆಡದು ನಮ್ದು.”

ಚಂದನ ದಾರಿಯುದ್ದಕ್ಕೂ ಆ ಸುಳ್ಳನ್ನು ಬಾಯಿಪಾಠ ಮಾಡಿಕೊಂಡಳು. ಆದರೆ ನಡುನಡುವೆ ರಿಬ್ಬನ್ನು ಚೀಪುತ್ತಿದ್ದ ಬಾಯಿ ಕಣ್ಣ ಮುಂದೆ ಬರುತ್ತಿತ್ತು. ನಿನ್ನೆ ಸಂಜೆಯೇ ಆ ಬೆಲ್ಲ ಹಾಕಿ ರಾಗಿ ಸರಿ ಕಾಯಿಸಿ ತಿನ್ನಿಸಿಬಿಟ್ಟಿದ್ದರೆ?

ಅವತ್ತು ಮಳವಳ್ಳಿ ಬಸ್ಸು ತಡವಾಗಿ, ಊಟದ ಬೆಲ್ಲಿನ ಹೊತ್ತಿಗೆ ಬಂತು. ಮಿಸ್ ಸ್ಟಾಫ್ ರೂಮಿಗೆ ಬರುವಷ್ಟರಲ್ಲಿ ಚಂದನ ಬಾಗಿಲಲ್ಲೇ ನಿಂತಿದ್ದಳು.

“ಪಾಪು ಬೆಲ್ಲ ತಿಂತಾ ಮಿಸ್?”

ಮಿಸ್ ಹಣೆ ಬಡಿದುಕೊಂಡರು. ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತಂತೆ, ಪೊಟ್ಟಣ ಇಲ್ಲೇ ಬೀರುವಿನಲ್ಲಿದೆಯಂತೆ. ಚಂದನಳ ಎದೆಯ ಮೇಲಿಂದ ಒಂದು ಚಪ್ಪಡಿ ಇಳಿಯಿತು. ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ, ಕರಿ ಬೆಲ್ಲದ ಪೊಟ್ಟಣ ಮುಂದೆ ಹಿಡಿದಳು.

ಮಿಸ್ ಬಿಚ್ಚಿ ನೋಡಿದರು. ಮೂಗಿನ ಹತ್ತಿರ ಹಿಡಿದರು. ಮುಖ ಸ್ವಲ್ಪ ಸಪ್ಪಗಾಯಿತು. “ಇದ್ಯಾಕೆ ಪುಟ್ಟ, ಹೀಗೆ ಕಪ್ಪಗಿದೆ? ನನಗೆ ಆ ಹಳದಿಯೇ ಇರಲಿ ಬಿಡು. ಅವರಿಗೆ ಬೇರೆ ಕೊಡೋಕೆ ಹೇಳು ನಿಮ್ಮಪ್ಪಂಗೆ.”

ಇದಕ್ಕೆ ಅಪ್ಪ ಯಾವ ಸುಳ್ಳನ್ನೂ ಹೇಳಿಕೊಟ್ಟಿರಲಿಲ್ಲ.

ಚಂದನ ತನ್ನ ಕಾಲಿನ ಹೆಬ್ಬೆರಳು ನೋಡಿದಳು. “ಅದ್ರಲ್ಲಿ ಪೌಡ್ರು ಇದೆ ಮಿಸ್. ನಮ್ಮಪ್ಪ ಹಾಕ್ತಾರೆ. ಮನೇದಕ್ಕೆ ಹಾಕಲ್ಲ.”

ಹೇಳಿದ್ದೇ ತಡ, ಕಿವಿ ಬಿಸಿಯಾಯಿತು. ಮಿಸ್ ಬೈಯುತ್ತಾರೆ, ಹೆಡ್‌ಮಾಸ್ಟರಿಗೆ ಹೇಳುತ್ತಾರೆ, ಅಪ್ಪನ ಹೆಸರು ಹಲಗೂರಿನ ತನಕ ಹೋಗುತ್ತದೆ ಅಂತ ಕಾದಳು. ಮಿಸ್ ಅವಳ ತಲೆ ಸವರಿದರು. ನಿಜ ಹೇಳಿದೆ, ಒಳ್ಳೆಯ ಹುಡುಗಿ ಅಂದರು. ಕರಿ ಬೆಲ್ಲವನ್ನು ಜೋಪಾನವಾಗಿ ತಮ್ಮ ವ್ಯಾನಿಟಿ ಬ್ಯಾಗಿಗೆ ಇಳಿಸಿ ಜಿಪ್ ಎಳೆದರು. ಆಮೇಲೆ ಬೀರು ತೆಗೆದು ಹಳದಿ ಬೆಲ್ಲದ ಪೊಟ್ಟಣವನ್ನು ಅವಳ ಕೈಗಿಟ್ಟರು.

“ಸುಮ್ಮನೆ ಯಾಕೆ ಎಸೆಯೋದು. ಅಡುಗೆ ಮನೇಲಿ ಶಿವನಂಜಮ್ಮನಿಗೆ ಕೊಟ್ಟುಬಿಡು. ಇವತ್ತು ಮಕ್ಕಳಿಗೆ ಪಾಯಸ ಅಲ್ವಾ, ಆಗುತ್ತೆ.”

ಪಾಠ ಹೇಳುವ ಅದೇ ಮೆತ್ತನೆಯ ದನಿಯಲ್ಲೇ ಇದನ್ನೂ ಹೇಳಿದರು. ಹೇಳಿ, ಬೆಳಿಗ್ಗೆಯೇ ಮಕ್ಕಳು ಟೇಬಲ್ ಮೇಲೆ ತಂದಿಟ್ಟಿದ್ದ, ಚಂದನಳದ್ದು ಇನ್ನೂ ಸೇರದ ಪ್ರಬಂಧಗಳ ಕಟ್ಟು ಎಳೆದುಕೊಂಡು, ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ಚಂದನ ಅಂಗಳ ದಾಟಿ ನಡೆದಳು. ಅವಳ ಮೈಯೆಲ್ಲ ಉರಿಯುತ್ತಿತ್ತು. ಅಪ್ಪನಾದರೂ ಅವರು ಯಾರೋ ಎಲ್ಲಿಯವರೋ ಅಂದಿದ್ದ. ಮಿಸ್ಸಿಗೆ ಒಂದನೇ ಕ್ಲಾಸಿನ ಪುಟಾಣಿಗಳ ಹೆಸರೂ ಗೊತ್ತು, ಯಾರಿಗೆ ಮೂಗು ಸೋರುತ್ತದೆ ಅನ್ನುವುದೂ ಗೊತ್ತು. ಚಿನ್ನದ ಥರ ಇದೆಯಂತೆ. ಥೂ.

ಸ್ಕೂಲಿನ ಬಿಸಿಯೂಟದ ಅಡುಗೆ ಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಹೆಸರುಬೇಳೆ ಬೇಯುತ್ತಿತ್ತು. ಹೆಡ್‌ಮಾಸ್ಟರ ಮೊಮ್ಮಗನ ಹುಟ್ಟುಹಬ್ಬದ ಲೆಕ್ಕದಲ್ಲಿ ಅವತ್ತು ಪಾಯಸ. ಶಿವನಂಜಮ್ಮ ಸೆರಗು ಸಿಕ್ಕಿಸಿಕೊಂಡು ಸೌಟು ಆಡಿಸುತ್ತಿದ್ದಳು. ಏನವ್ವ ತಂದೆ ಅಂದಳು. ಬೆಲ್ಲವಾದರೆ ಪಾಯಸಕ್ಕೆ ಹಾಕುತ್ತೇನೆ, ನಿನಗೆ ಒಂದು ಸೌಟು ಜಾಸ್ತಿ ಬಡಿಸುತ್ತೇನೆ ಅಂದಳು.

ನನಗೆ ಬೇಡ, ನಾನು ತಿನ್ನುವುದಿಲ್ಲ, ಅಂದುಕೊಂಡಳು ಚಂದನ. ಕೊಟ್ಟು ಹೋದರಾಯಿತು. ಹೊಟ್ಟೆನೋವು ಅಂತ ಹೇಳಿದರಾಯಿತು.

ಎಷ್ಟು ಸಲೀಸಾಗಿ ಬಂತು ಆ ಯೋಚನೆ, ಥೇಟ್ ಅಪ್ಪನದೇ. ಯಾರೂ ಹೇಳಿಕೊಡಲಿಲ್ಲ, ಯಾವ ಮೊಬೈಲನ್ನೂ ನೋಡಲಿಲ್ಲ. ಹೊರಗೆ ಕಟ್ಟೆಯ ಮೇಲೆ ಹೇಮಂತ್ ಆಗಲೇ ತಟ್ಟೆ ಬಡಿಯುತ್ತಿದ್ದ. ದೀಪಿಕ ತನ್ನ ತಮ್ಮನ ಕೈ ತೊಳೆಸುತ್ತಿದ್ದಳು. ಚಂದನ ಪೊಟ್ಟಣವನ್ನು ಹಿಂದಕ್ಕೆ ಎಳೆದುಕೊಂಡಳು.

“ಇದ್ನ ಹಾಕ್ಬೇಡಿ ಅಕ್ಕ,” ಅಂದಳು. “ಪೌಡ್ರು ಹಾಕಿರೋದು. ನಮ್ಮಪ್ಪನೇ ಹಾಕದು. ಒಳ್ಳೇದಲ್ಲ.”

ಶಿವನಂಜಮ್ಮ ಸೌಟು ನಿಲ್ಲಿಸಿ ಅವಳನ್ನೇ ನೋಡಿದಳು. ಪೊಟ್ಟಣ ಇಸಿದುಕೊಂಡು ಬಿಚ್ಚಿದಳು. ಒಂದು ಅಚ್ಚನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಬಗ್ಗಿ, ಒಲೆ ಪಕ್ಕದ ದೊಡ್ಡ ಡಬ್ಬದ ಮುಚ್ಚಳ ತೆಗೆದಳು. ಅಂಗಡಿಯಿಂದ ತಂದ ಬೆಲ್ಲ, ಪಾಯಸಕ್ಕೆ ಅಂತ ತಂದಿದ್ದು, ಕಂಠದ ತನಕ ತುಂಬಿತ್ತು. ಹಳದಿ. ಒಂದರ ಪಕ್ಕ ಒಂದು ಹಿಡಿದರೆ ಅಕ್ಕತಂಗಿಯರ ಹಾಗೆ.

“ನಿಮ್ದು ನೀನು ಹೇಳ್ದೆ,” ಅಂದಳು ಶಿವನಂಜಮ್ಮ. “ಇದ್ನ ಯಾರ ಮಗಳ ಕೇಳನವ್ವ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚಂದನ ಡಬ್ಬದೊಳಗೆ ಬಗ್ಗಿ ನೋಡಿದಳು. ಹೋದ ತಿಂಗಳ ಪಾಯಸ, ಅದರ ಹಿಂದಿನ ಹಬ್ಬದ ಸಿಹಿ ಪೊಂಗಲ್, ಎಲ್ಲ ಇದೇ ಡಬ್ಬದ್ದು. ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದಳು. ಯಾವ ಊರಿನ ಯಾವ ಅಪ್ಪ ತನ್ನ ಮನೆಗೆ ಬೇರೆ ಎತ್ತಿಟ್ಟುಕೊಂಡು, ಅವಳು ಯಾರೋ ಎಲ್ಲಿಯವಳೋ ಅಂದನೋ.

ಹೊರಗೆ ತಟ್ಟೆಗಳ ಸದ್ದು ಜಾಸ್ತಿಯಾಯಿತು. ಶಿವನಂಜಮ್ಮ ಬೇಳೆ ನೋಡಿದಳು, ಡಬ್ಬ ನೋಡಿದಳು, ಬಾಗಿಲಾಚೆ ಇಣುಕುತ್ತಿದ್ದ ಸಣ್ಣ ಮಕ್ಕಳನ್ನು ನೋಡಿದಳು. ನಿಟ್ಟುಸಿರು ಬಿಟ್ಟು ಡಬ್ಬಕ್ಕೆ ಕೈ ಹಾಕಿದಳು.

ಚಂದನ ಹೊಟ್ಟೆನೋವು ಅಂತ ಯಾರಿಗೂ ಹೇಳಲಿಲ್ಲ. ಕ್ಲಾಸಿಗೆ ಹೋಗಿ ತನ್ನ ತಟ್ಟೆ ತಂದು, ಒಂದನೇ ಕ್ಲಾಸಿನ ಮಕ್ಕಳ ಹಿಂದೆ ಸಾಲಿನಲ್ಲಿ ನಿಂತಳು.