ಕಳ್ಳ ಮುಚ್ಚಿ ಹೋದ ಕಿಟಕಿ

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ವೆಂಡೆಲ್ ಆಶ್‌ಬಾ ಠಾಣೆಗೆ ಓಡಿ ಬಂದ. ಅವನ ಬಂದೂಕಿನ ಅಂಗಡಿ ಠಾಣೆಯ ಎದುರಿಗೇ ಇದೆ, ಫೋನು ಮಾಡಿದ್ದರೂ ಸಾಕಿತ್ತು. ಆದರೆ ಮನುಷ್ಯ ಕೋಟು ಸಹ ಹಾಕಿಕೊಳ್ಳದೆ, ಹಿಮ ಬೆರೆತ ಮಾರ್ಚ್ ತಿಂಗಳ ಮಳೆಯಲ್ಲಿ ರಸ್ತೆ ದಾಟಿ ಬಂದಿದ್ದ.

"ಹೋಯ್ತು," ಅಂದ.

ಡಿಟೆಕ್ಟಿವ್ ಸಾರ್ಜೆಂಟ್ ನಾಡೀನ್ ಸ್ಲಿವ್ಕಾ ಕಾಫಿ ಲೋಟ ಕೆಳಗಿಟ್ಟಳು. "ಏನು ಹೋಯ್ತು?"

"ಜಾಣ ಪಿಸ್ತೂಲು. ಇನ್ನು ಬರ್ನಿಗೆ ಏನಂತ ಮುಖ ತೋರಿಸ್ಲಿ ನಾನು?"

ಜಾಣ ಪಿಸ್ತೂಲು ಅಂದರೆ ಏನೆಂದು ನಾಡೀನ್ ಕೇಳಬೇಕಾಗಿರಲಿಲ್ಲ. ಒಂದು ತಿಂಗಳಿಂದ ಊರಿಗೆ ಊರೇ ಅದರ ಮಾತಾಡುತ್ತಿತ್ತು. ಹಿಡಿಯಲ್ಲಿ ಬೆರಳಿನ ಗುರುತು ಹಿಡಿಯುವ ಸಣ್ಣ ಫಲಕವಿರುವ ಪಿಸ್ತೂಲು ಅದು. ಒಡೆಯನ ಕೈಯಾದರೆ ಹಸಿರು ದೀಪ ಹತ್ತಿ ಗುಂಡು ಸಿಡಿಯುತ್ತದೆ. ಬೇರೆಯವರ ಕೈಗೆ ಸಿಕ್ಕರೆ ಕೆಂಪು ದೀಪ, ಬರೀ ಕಬ್ಬಿಣದ ತುಂಡು. ಪೆನ್ಸಿಲ್ವೇನಿಯಾದ ಈ ಗುಡ್ಡಗಳಲ್ಲಿ ಜಿಂಕೆ ಬೇಟೆ ಶುರುವಾಗುವ ದಿನ ಶಾಲೆಗೆ ರಜೆ ಕೊಡುತ್ತಾರೆ. ಇಂಥ ಊರಿಗೆ ಬಂದು, ನಿಮ್ಮ ಬಂದೂಕಿಗೆ ಬುದ್ಧಿ ಸಾಲದು, ಇದನ್ನು ತಗೊಳ್ಳಿ ಎಂದರೆ ಯಾರು ಸುಮ್ಮನಿರುತ್ತಾರೆ?

ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ಟೈರ್ ಅಂಗಡಿಯ ಡ್ವೇನ್ ರುಪರ್ಟ್. ಕೂಗಾಟ ಪಂದ್ಯಕ್ಕೆ ತಿರುಗಿತ್ತು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಗನ್ ಕ್ಲಬ್ಬಿನ ಬಯಲಿನಲ್ಲಿ ವೆಂಡೆಲ್‌ನ ಕೈಮೇಲೆ ಡ್ವೇನ್ ಒಂದು ಬಕೆಟ್ ತಣ್ಣೀರು ಸುರಿಯುವುದು, ಆ ಕೈಯಿಂದಲೇ ವೆಂಡೆಲ್ ಗುರಿ ಹೊಡೆಯುವುದು. ಸಿಡಿದರೆ ಡ್ವೇನ್ ಬಾಯಿ ಮುಚ್ಚಿಕೊಂಡು ಮೊದಲ ಗಿರಾಕಿಯಾಗಬೇಕು. ಸಿಡಿಯದಿದ್ದರೆ ವೆಂಡೆಲ್ ಅದನ್ನು ಕಂಪನಿಗೆ ವಾಪಸ್ ಕಳಿಸಿ ಮತ್ತೆ ಅದರ ಹೆಸರೆತ್ತಬಾರದು. ಪಿಟ್ಸ್‌ಬರ್ಗ್‌ನಿಂದ ಪತ್ರಿಕೆಯವರು ಬರುವವರಿದ್ದರು. ಕಂಪನಿ ನಂಬಿ ಕೊಟ್ಟಿದ್ದ ಒಂದೇ ಒಂದು ಮಾದರಿ ಈಗ ಕಾಣೆಯಾಗಿತ್ತು.

ವೆಂಡೆಲ್ ಹೇಳಿದ ಬರ್ನಿ ಅಂದರೆ ಬರ್ನಡೆಟ್ ಓರ್ಸಿನಿ. ಅವನನ್ನು ಒಪ್ಪಿಸಿ ಈ ಪಿಸ್ತೂಲು ತರಿಸಿದವಳೇ ಆಕೆ. ಆಕೆಯ ಗಂಡ ರೇ ಇದೇ ಠಾಣೆಯಲ್ಲಿ ಪೊಲೀಸನಾಗಿದ್ದ. ಹದಿನಾಲ್ಕು ವರ್ಷದ ಹಿಂದೆ, ಮಳೆಯಲ್ಲಿ, ಅವನು ಬೇಡಿ ಹಾಕಲು ಹೋದ ಹತ್ತೊಂಬತ್ತರ ಹುಡುಗನೊಬ್ಬ ಅವನದೇ ಸೊಂಟದ ಪಿಸ್ತೂಲು ಕಿತ್ತುಕೊಂಡು ಅವನನ್ನೇ ಹೊಡೆದು ಕೊಂದಿದ್ದ. ರೇ ಚಿತ್ರ ನಾಡೀನ್‌ಳ ಮೇಜಿನ ಎದುರಿನ ಗೋಡೆಯ ಮೇಲಿದೆ.

ನಾಡೀನ್ ದೂರು ದಾಖಲಿಸಿಕೊಂಡು, ಪೇದೆ ಟ್ರೆಂಟ್‌ನನ್ನು ಕರೆದುಕೊಂಡು ಪಂಚನಾಮೆಗೆ ಹೊರಟಳು. ಟ್ರೆಂಟ್ ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಇಲ್ಲಿಯವರೆಗೆ ಅವನು ಹಿಡಿದಿದ್ದರಲ್ಲಿ ದೊಡ್ಡದೆಂದರೆ ಚರ್ಚಿನೊಳಗೆ ನುಗ್ಗಿದ್ದ ಕರಡಿ. ರಸ್ತೆ ದಾಟುವಷ್ಟರಲ್ಲೇ ಅವನಿಗೆ ಉಸಿರು ಏರಿತ್ತು.

ಅಂಗಡಿಯ ಹಿಂಬದಿಯಲ್ಲಿ ರಿಪೇರಿ ಕೋಣೆ. ಅದರ ಕಿಟಕಿಯ ಗಾಜು ಒಡೆದಿತ್ತು. ಆದರೆ ಒಡೆದ ಕಿಟಕಿ ಬಾಯಿ ಬಿಟ್ಟುಕೊಂಡಿರಲಿಲ್ಲ. ಹೊರಗಿನಿಂದ ಒಂದು ಪ್ಲೈವುಡ್ ಹಲಗೆ ಇಟ್ಟು, ಸುತ್ತಲೂ ಹೊಸ ಸ್ಕ್ರೂ ಹಾಕಿ ಬಿಗಿ ಮಾಡಲಾಗಿತ್ತು. ಕೆಳಗೆ ಬಿದ್ದ ಗಾಜಿನ ಚೂರುಗಳನ್ನು ಗೋಡೆಯ ಪಕ್ಕಕ್ಕೆ ಗುಡಿಸಿ ಒಟ್ಟು ಮಾಡಲಾಗಿತ್ತು.

"ಹಲಗೆ ನೀನು ಹೊಡೆದಿದ್ದಾ?" ನಾಡೀನ್ ಕೇಳಿದಳು.

"ನಾನ್ಯಾಕೆ ಹೊಡೀಲಿ? ನಾನು ಬಂದಾಗಲೇ ಹಿಂಗಿತ್ತು," ಅಂದ ವೆಂಡೆಲ್.

ಟ್ರೆಂಟ್ ಒಂದು ಸಲ ಹಲಗೆಯನ್ನೂ ಒಂದು ಸಲ ನಾಡೀನ್‌ಳನ್ನೂ ನೋಡಿದ. "ಮೇಡಂ, ಕಳ್ಳ ಕಿಟಕಿ ರಿಪೇರಿ ಮಾಡ್ಕೊಟ್ಟು ಹೋಗಿದ್ದಾನೆ."

"ಬಿಲ್ಲು ಕೊಡೋದು ಮರೆತಿದ್ದಾನೆ ನೋಡು," ಅಂದಳು ನಾಡೀನ್. ನಕ್ಕಳಾದರೂ ಕಣ್ಣು ಹಲಗೆಯಿಂದ ಕದಲಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥದ್ದನ್ನು ಅವಳು ಕಂಡಿರಲಿಲ್ಲ.

ಒಳಗೆ, ಗಿರಾಕಿಗಳು ರಿಪೇರಿಗೆ ಕೊಟ್ಟ ರೈಫಲ್‌ಗಳು ಸಾಲಾಗಿ ಗೋಡೆಗೆ ಒರಗಿದ್ದವು. ಸರಪಳಿಯಿಲ್ಲ, ಬೀಗವಿಲ್ಲ. ಒಂದನ್ನೂ ಮುಟ್ಟಿರಲಿಲ್ಲ. ಮೇಜಿನ ಖಾನೆಯಲ್ಲಿದ್ದ ಜಾಣ ಪಿಸ್ತೂಲು ಮಾತ್ರ ಮಾಯ.

"ಅಲಾರಂ ಕೂಗ್ಲಿಲ್ವಾ?"

ವೆಂಡೆಲ್ ನೆಲ ನೋಡಿದ. "ಇಲಿ ಓಡಾಡಿದ್ರೂ ಬಡ್ಕೊಳ್ತಿತ್ತು. ಈ ಕೋಣೇದು ಆಫ್ ಮಾಡಿದ್ದೆ."

"ಊರಿಗೆಲ್ಲ ಬಂದೂಕಿನ ಸುರಕ್ಷತೆ ಪಾಠ ಹೇಳ್ತೀಯ."

"ಆಯ್ತಮ್ಮ, ಬೈಯಿ."

ಹಲಗೆ ಬಿಚ್ಚಿದಾಗ ಟ್ರೆಂಟ್ ಹೆಚ್ಚುಕಮ್ಮಿ ಕುಣಿದೇಬಿಟ್ಟ. ಅದರ ಹಿಂಬದಿಯಲ್ಲಿ ಬಿಳಿ ಬಣ್ಣದ ಮೇಲೆ ನೀಲಿಯ ದೊಡ್ಡ ಮೀನೊಂದರ ಅರ್ಧ ಚಿತ್ರವಿತ್ತು. ಊರಿನಲ್ಲಿ ಅದನ್ನು ತಿಳಿಯದವರಿಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರಗಳಂದು ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಕರಿದ ಮೀನಿನ ಊಟವಿರುತ್ತದೆ. ಇದು ಆ ಊಟದ ಹಳೆಯ ಬೋರ್ಡಿನ ತುಂಡು. ಇಂಥ ತುಂಡುಗಳೆಲ್ಲ ಸಭಾಂಗಣದ ಹಿಂದಿನ ಸಾಮಾನಿನ ಕೊಟ್ಟಿಗೆಯಲ್ಲಿ ಬಿದ್ದಿರುತ್ತವೆ.

"ಅಗ್ನಿಶಾಮಕ ದಳದ ಕ್ಯಾಪ್ಟನ್ ಯಾರು ಹೇಳಿ ಮೇಡಂ?" ಟ್ರೆಂಟ್‌ನ ಕಣ್ಣು ಮಿಂಚುತ್ತಿತ್ತು. "ಡ್ವೇನ್ ರುಪರ್ಟ್! ಈ ಪಿಸ್ತೂಲನ್ನ ಯಾರಾದ್ರೂ ನದಿಗೆ ಎಸೀಬೇಕು ಅಂತ ಫೇಸ್‌ಬುಕ್‌ನಲ್ಲಿ ಹಾಕಿದ್ದೋನೂ ಅವನೇ."

ಒಂಬತ್ತೂವರೆಗೆ ಇಬ್ಬರೂ ಟೈರ್ ಅಂಗಡಿಯಲ್ಲಿದ್ದರು. ಡ್ವೇನ್ ಲಾರಿಯ ಕೆಳಗಿನಿಂದ ಹೊರಗೆ ತೆವಳಿ ಬಂದು, ಕೈ ಒರೆಸಿಕೊಳ್ಳುತ್ತಾ ವಿಷಯ ಕೇಳಿಸಿಕೊಂಡ.

"ನಿನ್ನೆ ರಾತ್ರಿ ಎಲ್ಲಿದ್ದೆ?" ನಾಡೀನ್ ಕೇಳಿದಳು.

"ಮನೇಲಿ. ಗೊರಕೆ ಹೊಡೀತಿದ್ದೆ. ಬೇಕಾದ್ರೆ ನನ್ ಹೆಂಡ್ತೀನ ಕೇಳು, ಅವಳು ಅದರ ಮೇಲೂ ಒಂದು ದೂರು ಕೊಡ್ತಾಳೆ."

"ಪಿಸ್ತೂಲು ನದಿಗೆ ಎಸೀಬೇಕು ಅಂದಿದ್ಯಂತೆ."

"ಅಂದಿದ್ದೆ. ಈಗ್ಲೂ ಅಂತೀನಿ. ನನ್ ಫೋನು ಈ ಗ್ರೀಸ್ ಕೈನ ಗುರುತು ಹಿಡಿಯಲ್ಲ. ಕಳ್ಳ ಮನೆಗೆ ನುಗ್ಗಿದಾಗ ಪಿಸ್ತೂಲು 'ಬೆರಳು ಒರೆಸ್ಕೊಂಡು ಬಾಪ್ಪಾ' ಅಂದ್ರೆ ನಾನೇನು ಮಾಡ್ಲಿ? ಇವತ್ತು ಅಂಗಡೀಲಿ ಒಂದಿಡ್ತಾರೆ, ನಾಳೆ ಇದನ್ನ ಬಿಟ್ಟು ಬೇರೇದು ಮಾರಂಗಿಲ್ಲ ಅಂತ ಕಾನೂನು ತರ್ತಾರೆ." ಬಟ್ಟೆಯನ್ನು ಬಕೆಟ್ಟಿಗೆಸೆದ. "ಆದ್ರೆ ಸಾರ್ಜೆಂಟಮ್ಮ, ನಾಳೆ ಮಧ್ಯಾಹ್ನ ಊರೆಲ್ಲ ನೋಡ್ತಾ ಇರೋವಾಗ ನಾನು ಗೆಲ್ಲೋನು. ಗೆಲ್ಲೋನು ಹೋಗಿ ಪಂದ್ಯದ ಕುದುರೇನ ಕದೀತಾನಾ?"

ಮಾತು ಸರಿಯಾಗಿಯೇ ಇತ್ತು. ಆದರೂ ಅವನನ್ನು ಠಾಣೆಗೆ ಕರೆತಂದು ಕೂರಿಸಿದರು. ಹನ್ನೊಂದರ ಹೊತ್ತಿಗೆ ಊರು ತೀರ್ಪು ಕೊಟ್ಟಾಗಿತ್ತು. ಡ್ವೇನ್ ಹೆಂಡತಿ ಹೋಟೆಲಿಗೆ ಕಾಲಿಟ್ಟರೆ ಅಲ್ಲಿನ ಮಾತು ನಿಂತುಹೋಯಿತು. ಪತ್ರಿಕೆಯವರು ಫೋನ್ ಮೇಲೆ ಫೋನ್ ಮಾಡಿದರು. ಕಂಪನಿಯ ಮನುಷ್ಯ ಮಾತ್ರ, ನಾಳೆ ಹನ್ನೆರಡರೊಳಗೆ ಪಿಸ್ತೂಲು ಸಿಗದಿದ್ದರೆ ನಿಮ್ಮೂರಿನ ಸಹವಾಸವೇ ಬೇಡ ಎಂದುಬಿಟ್ಟ.

ನಾಡೀನ್‌ಗೆ ಆ ಹಲಗೆ ನೆಮ್ಮದಿ ಕೊಡಲಿಲ್ಲ. ಅವಳು ಒಬ್ಬಳೇ ಮತ್ತೆ ಅಂಗಡಿಗೆ ಹೋದಳು.

"ವೆಂಡೆಲ್, ಸರಿಯಾಗಿ ನೋಡಿ ಹೇಳು. ಪಿಸ್ತೂಲಿನ ಜೊತೆ ಇನ್ನೇನು ಹೋಗಿದೆ?"

"ಇನ್ನೇನೂ ಇಲ್ಲ." ಖಾನೆ ಎಳೆದ. ಮೇಜಿನ ಕೆಳಗೆ ಬಗ್ಗಿದ. ಎದ್ದು ನಿಂತಾಗ ಮುಖ ಪೆಚ್ಚಾಗಿತ್ತು. "ಚಾರ್ಜರ್ ಇಲ್ಲ. ಇಲ್ಲೇ ಪ್ಲಗ್ಗಿನಲ್ಲಿತ್ತು."

ನಾಡೀನ್‌ಗೆ ಮೈಯೆಲ್ಲ ಜುಮ್ಮೆಂದಿತು. ಕೇಸು ಬಿಚ್ಚಿಕೊಳ್ಳುವಾಗ ಅವಳಿಗೆ ಹೀಗಾಗುವುದುಂಟು, ಮತ್ತು ಸತ್ಯ ಹೇಳಬೇಕೆಂದರೆ ಅವಳು ಈ ಕೆಲಸದಲ್ಲಿ ಉಳಿದಿರುವುದೇ ಅದಕ್ಕಾಗಿ. ನದಿಗೆ ಎಸೆಯುವವನಿಗೆ ಚಾರ್ಜರ್ ಯಾಕೆ? ಸುತ್ತಿಗೆಯಿಂದ ಕುಟ್ಟಿ ಹಾಕುವವನಿಗೆ ಯಾಕೆ? ತೆಗೆದುಕೊಂಡು ಹೋದವರಿಗೆ ಆ ಪಿಸ್ತೂಲು ಬದುಕಿರಬೇಕು. ಇಡೀ ಊರು ಅದರ ಶತ್ರುವನ್ನು ಹುಡುಕುತ್ತಿತ್ತು, ಹುಡುಕಬೇಕಾದದ್ದು ಅದರ ಸ್ನೇಹಿತರನ್ನು.

ಮೊದಲ ಸ್ನೇಹಿತ ಎದುರಿಗೇ ನಿಂತಿದ್ದ.

"ಒದ್ದೆ ಕೈಯಲ್ಲಿ ಹೊಡೆದು ನೋಡಿದ್ಯಾ?"

"ಯಾವಾಗ?"

"ಯಾವಾಗ್ಲಾದ್ರೂ."

"ನಾಳೆ ಹೊಡೀತೀನಲ್ಲ."

"ವೆಂಡೆಲ್."

ಅವನು ಸ್ಟೂಲಿನ ಮೇಲೆ ಕೂತ. "ಬುಧವಾರ, ಕ್ಲಬ್ಬಿನಲ್ಲಿ. ಒಣ ಕೈಗೆ ಒಂದು ಸಲಾನೂ ತಪ್ಪಲಿಲ್ಲ. ಕೈ ನೆನೆಸ್ಕೊಂಡು ಹಿಡಿದೆ, ಕೆಂಪು ದೀಪ. ಒರೆಸ್ಕೊಂಡೆ, ಹಸಿರು. ಮತ್ತೆ ನೆನೆಸ್ಕೊಂಡೆ, ಕೆಂಪು."

"ಆದ್ರೂ ನಾಳೆ ನಿಲ್ತಿದ್ದೆ?"

"ಹೇಗೋ ಆಗುತ್ತೆ ಅಂದ್ಕೊಂಡಿದ್ದೆ. ಡ್ವೇನ್ ಮುಂದೆ ಹಿಂದಕ್ಕೆ ಹೆಜ್ಜೆ ಇಡೋದಾ?"

"ಬುಧವಾರ ಜೊತೇಲಿ ಯಾರಿದ್ರು?"

ವೆಂಡೆಲ್ ತೆರೆದಿದ್ದ ಖಾನೆಯನ್ನು ಮೆಲ್ಲಗೆ ಒಳಕ್ಕೆ ತಳ್ಳಿದ.

"ಬರ್ನಿ ಇದ್ಲು. ಮುಂದಕ್ಕೆ ಹಾಕು ಅಂದ್ಲು. ಏಪ್ರಿಲ್‌ಗೆ ಕಂಪನಿಯೋರು ಒದ್ದೆ ಬೆರಳನ್ನೂ ಗುರುತು ಹಿಡಿಯೋ ಹೊಸ ಫಲಕ ಕಳಿಸ್ತಾರೆ, ಅಲ್ಲೀವರೆಗೆ ತಡಿ ಅಂತ ಕೈ ಹಿಡ್ಕೊಂಡು ಕೇಳಿದ್ಲು. ನಾನು ಆಗಲ್ಲ ಅಂದೆ." ಕಣ್ಣೊರೆಸಿಕೊಂಡ. "ಅವಳಾಗಿರಲ್ಲ, ನಾಡೀನ್. ಅವಳು ಜೇಡಾನೂ ಕಾಗದದ ಮೇಲೆ ಹತ್ತಿಸ್ಕೊಂಡು ಹೋಗಿ ಹೊರಗೆ ಬಿಡೋಳು."

ನಾಡೀನ್‌ಗೂ ಅದು ಬರ್ನಡೆಟ್ ಆಗಿರಬಾರದು ಎನ್ನಿಸಿತು. ಆದರೆ ಆ ಸಭಾಂಗಣದಲ್ಲಿ ಪ್ರತಿ ಶುಕ್ರವಾರ ಮೀನು ಕರಿಯುವವಳು ಆಕೆಯೇ. ಕೊಟ್ಟಿಗೆಯ ಬೀಗದ ಕೈ ಇರುವುದೂ ಆಕೆಯ ಹತ್ತಿರ.

ಎರಡು ಗಂಟೆಗೆ ಡ್ವೇನ್‌ನನ್ನು ಬಿಟ್ಟು ಕಳಿಸಿದರು. ಬರ್ನಡೆಟ್ ಊಟದ ಸಾಮಾನು ತರಲು ಪಕ್ಕದೂರಿಗೆ ಹೋಗಿದ್ದಳು. ನ್ಯಾಯಾಧೀಶರಿಂದ ಮನೆ ಶೋಧನೆಯ ಆದೇಶ ಕೈಗೆ ಬರುವಾಗ ಐದಾಗಿತ್ತು, ಸಭಾಂಗಣದ ಮುಂದೆ ಊಟದ ಸಾಲು ರಸ್ತೆಯವರೆಗೆ ಬಂದಿತ್ತು. ಒಳಗೆ ಎಣ್ಣೆಯ ಹೊಗೆ, ಪ್ಲೇಟುಗಳ ಸದ್ದು. ಎಲ್ಲರ ಬಾಯಲ್ಲೂ ಕಳ್ಳತನದ ಮಾತೇ. ಊಟದ ಚೀಟಿ ಹರಿದು ಕೊಡುತ್ತಿದ್ದ ಡ್ವೇನ್ ಪೊಲೀಸರನ್ನು ಕಂಡು, "ಮತ್ತೆ ನಾನೇನಾ? ಕೋಟು ತಗೊಂಡು ಬರ್ತೀನಿ ಇರು," ಅಂದ.

ನಾಡೀನ್ ಅವನನ್ನು ದಾಟಿ ನೇರ ಅಡುಗೆಮನೆಗೆ ಹೋದಳು. ಬಾಣಲೆಯ ಮುಂದೆ ಏಪ್ರನ್ ಕಟ್ಟಿಕೊಂಡು ಬರ್ನಡೆಟ್ ನಿಂತಿದ್ದಳು, ಕೈಯಲ್ಲಿ ಜಾಲರಿ ಸೌಟು.

"ಬರ್ನಿ, ಆ ಕಿಟಕಿ ಯಾಕೆ ಮುಚ್ಚಿದ್ರಿ?"

ಆಕೆ ಇಲ್ಲ ಎನ್ನಬಹುದಿತ್ತು. ಟ್ರೆಂಟ್ ಹಾಗೆಂದೇ ನಿರೀಕ್ಷಿಸಿ ಕೈಯನ್ನು ಬೇಡಿಯ ಮೇಲಿಟ್ಟುಕೊಂಡಿದ್ದ.

"ತೆರೆದು ಬಿಟ್ಟು ಬರೋಕಾಗುತ್ತೇನೇ ಮಗಾ?" ಬರ್ನಡೆಟ್ ಮೀನು ಮಗುಚಿದಳು. "ಒಳಗೆ ಅಷ್ಟೊಂದು ರೈಫಲ್ ಇತ್ತು. ಬೆಳಿಗ್ಗೆ ಶಾಲೆ ಬಸ್ಸು ಆ ಓಣೀಲೇ ನಿಲ್ಲುತ್ತೆ."

ಸಭಾಂಗಣದಲ್ಲಿ ಕೂತವರು ಒಬ್ಬೊಬ್ಬರಾಗಿ ಎದ್ದು ಅಡುಗೆಮನೆಯತ್ತ ಬಂದರು. ಡ್ವೇನ್ ಬಾಗಿಲಿಗೆ ಬಂದು ನಿಂತಿದ್ದ. ಇಡೀ ದಿನ ಕಳ್ಳ ಅನ್ನಿಸಿಕೊಂಡವನು ಈಗ ಬಾಯಿಗೆ ಬಂದದ್ದು ಅನ್ನುತ್ತಾನೆಂದು ಎಲ್ಲರೂ ಕಾದರು. ಅವನ ಮುಖ ಕೆಂಪಾಯಿತು. ಆಮೇಲೆ ಕೈ ಚಾಚಿದ.

"ಏಪ್ರನ್ ಕೊಡು ಬರ್ನಿ. ಮೀನು ಸೀದು ಹೋಗುತ್ತೆ."

ಆಕೆ ಬಿಚ್ಚಿ ಕೊಟ್ಟಳು. ಬೇಡಿ ಹಾಕುವುದು ಬೇಡ ಎಂದು ನಾಡೀನ್ ಕಣ್ಣಲ್ಲೇ ಟ್ರೆಂಟ್‌ಗೆ ಹೇಳಿದಳು.

ಆರು ಗಂಟೆಗೆ ಇಬ್ಬರು ಸಾಕ್ಷಿಗಳ ಮುಂದೆ ಬರ್ನಡೆಟ್ ಮನೆಯಲ್ಲಿ ಪಂಚನಾಮೆ ನಡೆಯಿತು. ರೇ ತನ್ನ ಪಿಸ್ತೂಲಿಗೆಂದು ತಂದಿದ್ದ ಉಕ್ಕಿನ ಪೆಟ್ಟಿಗೆ ಅಡುಗೆಮನೆಯ ಗೂಡಿನಲ್ಲಿತ್ತು, ಬೀಗದ ಕೈ ಆಕೆಯ ಕೊರಳಲ್ಲಿ. ಪೆಟ್ಟಿಗೆಯ ಸಂದಿನಿಂದ ಚಾರ್ಜರಿನ ವೈರು ಹೊರಗೆ ಬಂದಿತ್ತು. ಒಳಗೆ ಪಿಸ್ತೂಲಿನ ಗುಂಡು ತೆಗೆದು, ಅದನ್ನು ಮೆತ್ತನೆ ಟವೆಲಿನ ಮೇಲೆ ಮಲಗಿಸಲಾಗಿತ್ತು.

ತನ್ನ ವಕೀಲರು ಬರಲಿ ಎಂದು ಬರ್ನಡೆಟ್ ಅಂದದ್ದರಿಂದ ಹೇಳಿಕೆ ಮರುದಿನಕ್ಕೆ ಹೋಯಿತು. ಪಿಸ್ತೂಲು ಸಾಕ್ಷ್ಯವಾಗಿ ಠಾಣೆಯ ಕಪಾಟು ಸೇರಿದ್ದರಿಂದ ಪಂದ್ಯವೂ ನಿಂತಿತು. ಶನಿವಾರ ಹನ್ನೆರಡೂವರೆಗೆ, ಬಂದೋಬಸ್ತಿಗೆಂದು ಕ್ಲಬ್ಬಿಗೆ ಹೋಗಿದ್ದ ಟ್ರೆಂಟ್ ಏದುಸಿರು ಬಿಡುತ್ತಾ ಠಾಣೆಗೆ ನುಗ್ಗಿದ.

"ಮೇಡಂ, ಪಂದ್ಯ ಇಲ್ದಿದ್ರೂ ಊರೆಲ್ಲ ಬಂದಿತ್ತು. ವೆಂಡೆಲ್ ಬೆಂಚು ಹತ್ತಿ ಎಲ್ಲಾ ಹೇಳ್ಬಿಟ್ಟ. ಒದ್ದೆ ಕೈಗೆ ಆಗಲ್ಲ, ನಂಗೆ ಗೊತ್ತಿತ್ತು, ಮುಚ್ಚಿಟ್ಟಿದ್ದೆ ಅಂತ. ಪತ್ರಿಕೆಯೋರು ಬರ್ಕೊಂಡ್ರು."

"ಡ್ವೇನ್ ನಗ್ತಾ ಇದ್ನಾ?" ಹೇಳಿಕೆ ಕೊಡಲು ವಕೀಲರ ಜೊತೆ ಎದುರಿಗೆ ಕೂತಿದ್ದ ಬರ್ನಡೆಟ್ ಕೇಳಿದಳು.

"ಇಲ್ಲ. ಬಕೆಟ್ ನೀರು ನೆಲಕ್ಕೆ ಚೆಲ್ಲಿದ. ಏಪ್ರಿಲ್‌ನಲ್ಲಿ ಹೊಸ ಫಲಕ ಬರ್ಲಿ, ಇದೇ ಬಕೆಟ್ ತರ್ತೀನಿ ಅಂದ. ಕಂಪನಿಯೋನೂ ಹೂಂ ಅಂದ."

ಬರ್ನಡೆಟ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಕೆ ಕಿಟಕಿ ಒಡೆದು ಪಡೆಯಲು ಹೋದ ಒಂದು ತಿಂಗಳ ಕಾಲಾವಕಾಶ, ಒಂದು ನಿಜದ ಮಾತಿಗೆ ಸಿಕ್ಕಿತ್ತು.

ನಾಡೀನ್ ಕೇಳಿದಳು. "ಆ ದೋಷ ಮುಚ್ಚಿಟ್ಟಿದ್ರಲ್ಲ ಬರ್ನಿ. ನಾಳೆ ಟ್ರೆಂಟ್ ಮಳೇಲಿ ಅದನ್ನೇ ನಂಬ್ಕೊಂಡು ನಿಂತಿದ್ರೆ?"

"ಅದೇ ಯೋಚನೆ ನಂಗೂ. ನಿನ್ನೆ ನಿದ್ದೆ ಬರ್ಲಿಲ್ಲ." ಆಕೆ ಟ್ರೆಂಟ್‌ನ ಸೊಂಟದ ಪಿಸ್ತೂಲನ್ನು ನೋಡಿದಳು. "ಊರು ಒಂದ್ಸಲ ನಕ್ಕುಬಿಟ್ರೆ ಆಮೇಲೆ ಯಾರೂ ಮುಟ್ಟಲ್ಲ ಅಂತ ಹೆದರಿದೆ. ಬುಧವಾರ ಆ ಕೆಂಪು ದೀಪ ನೋಡಿದಾಗಿಂದ ನನ್ ತಲೇಲಿ ಒಂದೇ ಓಡ್ತಿತ್ತು. ಅವತ್ತೂ ಮಳೆ. ಆ ಹುಡುಗನ ಕೈ ಇದಕ್ಕೆ ಗೊತ್ತಿರ್ತಿರ್ಲಿಲ್ಲ. ರೇ ಕೈ ಒದ್ದೆ. ಇದಾಗಿದ್ರೆ ಅವನಿಗೂ ಸಿಡೀತಿರ್ಲಿಲ್ಲ, ಇವನಿಗೂ ಸಿಡೀತಿರ್ಲಿಲ್ಲ."

ಬರ್ನಡೆಟ್ ಗೋಡೆಯ ಮೇಲಿನ ರೇ ಚಿತ್ರದ ಕಡೆ ತಿರುಗಿದಳು.

"ಇಬ್ಬರೂ ನೆನ್ಕೊಂಡು, ಒಬ್ಬರನ್ನೊಬ್ಬರು ಬೈಕೊಂಡು ನಿಂತಿರೋರು. ಆಮೇಲೆ ರೇ ಅವನನ್ನ ಇಲ್ಲಿಗೆ ಎಳ್ಕೊಂಡು ಬಂದಿರೋನು. ಆ ಹುಡುಗ ನಾಲ್ಕು ದಿನ ಒಳಗಿದ್ದು ಮನೆಗೆ ಹೋಗಿರೋನು, ನಾಡೀನ್. ಇಬ್ಬರೂ ಮನೆಗೆ ಹೋಗಿರೋರು."

ಟ್ರೆಂಟ್ ಪೆನ್ನು ಎತ್ತಿಕೊಂಡು, ಇದನ್ನು ಹೇಳಿಕೆಯಲ್ಲಿ ಹೇಗೆ ಬರೆಯುವುದೆಂದು ಕೇಳಿದ.

"ಅವರು ಹೇಳಿದ ಹಾಗೇ ಬರಿ," ಅಂದಳು ನಾಡೀನ್.